ಶಾಲೆಯ ಬನ್ನಿ

ನಮ್ಮ ಊರಿನವರು ಕೆಟ್ಟವರಲ್ಲ. ನನ್ನ ಸಂಕಟವೇ ಅದು. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಬೈದು, ಉಂಡು, ನೆಮ್ಮದಿಯಾಗಿ ಮಲಗುತ್ತಿದ್ದೆ.

ಸವದತ್ತಿ ತಾಲೂಕಿನ ಈ ಹಳ್ಳಿಯ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಇಕೋ ಕ್ಲಬ್ಬಿನ ಉಸಾಬರಿಯೂ ನನ್ನ ತಲೆಗೇ ಕಟ್ಟಿದ್ದಾರೆ. ಅಂಗಳದಲ್ಲಿ ಅಂಗೈಯಷ್ಟು ನೆರಳಿರಲಿಲ್ಲ. ಮಕ್ಕಳು ಬಿಸಿಯೂಟದ ತಾಟು ಹಿಡಿದು ಗೋಡೆಗೆ ಅಂಟಿಕೊಂಡು ಕೂರುತ್ತಿದ್ದವು. ಪ್ರತಿ ವರ್ಷ ಗಿಡ ನೆಡುತ್ತಿದ್ದೆವು, ಪ್ರತಿ ವರ್ಷ ಹೋಗುತ್ತಿದ್ದವು. ಬೇವು ನೆಟ್ಟರೆ ಹಲ್ಲುಜ್ಜಲು ಮುರಿದರು. ನುಗ್ಗೆ ನೆಟ್ಟರೆ ಸಾರಿಗೆ ಹೋಯಿತು. ತೇಗ ನೆಟ್ಟರೆ ಯಾರದೋ ಬಾರುಕೋಲಾಯಿತು.

ಈ ಸಲ ಏನು ನೆಡೋಣ ಎಂದು ಮಕ್ಕಳನ್ನೇ ಕೇಳಿದಾಗ, ಆಗ ಐದನೇ ತರಗತಿಯಲ್ಲಿದ್ದ ಹಿನಾಕೌಸರ ಎದ್ದು ನಿಂತಳು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ರಹಿಮಾನಸಾಬನ ಮಗಳು.

“ಟೀಚರ್, ಬನ್ನಿ ಹಚ್ಚೂಣ್ರಿ. ಬನ್ನಿಗಿಡಕ್ಕ ಯಾರೂ ಕೊಡ್ಲಿ ಹಾಕೂದಿಲ್ರಿ. ದೇವರ ಗಿಡ ಅಂತ ಅಂಜತಾರ.”

ಎಷ್ಟು ಶಾಣ್ಯಾ ಹುಡುಗಿ ಎಂದು ಬೆನ್ನು ಚಪ್ಪರಿಸಿದೆ. ನರ್ಸರಿಯಿಂದ ಸಸಿ ತಂದು ಕಂಪೌಂಡಿನ ಉದ್ದಕ್ಕೂ ನೆಟ್ಟೆವು. ತಾಟು ತೊಳೆದ ನೀರನ್ನೂ ಹಿನಾ ಬೇರೆ ಕಡೆ ಚೆಲ್ಲಗೊಡುತ್ತಿರಲಿಲ್ಲ, ಗಿಡದ ಬುಡಕ್ಕೇ ಹಾಕಿಸುತ್ತಿದ್ದಳು. ಬನ್ನಿ ಬೆಳೆಯುವುದು ಬಲು ನಿಧಾನ. ಮೂರು ಬೇಸಿಗೆ ಕಳೆದ ಮೇಲೆ ಅವು ನನ್ನ ಭುಜ ಮುಟ್ಟಿದವು, ಹಿನಾ ಎಂಟನೇ ತರಗತಿಗೆ ಬಂದಳು. ನಮ್ಮಲ್ಲಿ ಅದೇ ಕೊನೆಯ ತರಗತಿ.

“ನಾ ಈ ಸಾಲಿ ಬಿಡೂದ್ರಾಗ ಒಬ್ಬರಿಗರ ನೆರಳ ಸಿಗಬೇಕ್ರಿ ಟೀಚರ್,” ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಒಂದನೇ ತರಗತಿಯ ಪುಟ್ಟಿಯೊಂದು ತಾಟು ಹಿಡಿದು ಗಿಡದ ಬುಡಕ್ಕೆ ಕೂತಿತು. ಅರ್ಧ ತಲೆಗೆ ನೆರಳು, ಅರ್ಧಕ್ಕೆ ಬಿಸಿಲು. ಹಿನಾ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ನಾನೂ ಹುಚ್ಚಿಯಂತೆ ನಕ್ಕೆ.

ಅದೇ ವರ್ಷ ರಸ್ತೆ ಅಗಲ ಮಾಡುವಾಗ ಊರಬಾಗಿಲಿನ ಅಗಸಿಯ ಹಳೇ ಬನ್ನಿಮರ ಹೋಯಿತು. ಕೊಡಲಿ ಹಾಕಲಿಲ್ಲ, ಜೆಸಿಬಿ ತಂದರು. ಕೊಡಲಿ ಮುಟ್ಟಿಸದಿದ್ದರೆ ಪಾಪವಿಲ್ಲವಂತೆ! ನಮ್ಮ ಶಾಲೆಯ ಗಿಡ ಬಿಟ್ಟರೆ ಊರಿಗೆ ಇನ್ನೊಂದು ಬನ್ನಿ ಇರಲಿಲ್ಲ. ಆ ಮಾತು ನಮಗ್ಯಾರಿಗೂ ಹೊಳೆಯಲಿಲ್ಲ.

ದಸರೆಯ ರಜೆಗೆ ನಾನು ಬೈಲಹೊಂಗಲದ ಮನೆಗೆ ಹೋಗಿದ್ದೆ. ವಿಜಯದಶಮಿಯ ದಿನ ಹಿನಾ ಅಪ್ಪನ ಫೋನಿನಿಂದ ಮಾತಾಡಿದಳು. “ಟೀಚರ್, ಲಗೂನ ಬರ್ರಿ. ಮಂದಿ ನಮ್ಮ ಗಿಡಾ ಮುರ್ಯಾಕ ಹತ್ಯಾರ್ರಿ. ನನ್ನ ಮಾತ ಯಾರೂ ಕೇಳವಲ್ರು.”

ಹಬ್ಬದ ದಿನ ಬಸ್ಸೆಲ್ಲಿ? ಹೇಗೋ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಿಡಗಳಿಗೆ ಅರಿಷಿಣ-ಕುಂಕುಮ, ಬುಡದಲ್ಲಿ ಒಡೆದ ಕಾಯಿ, ಊದಿನಕಡ್ಡಿಯ ಬೂದಿ. ಮೇಲೆ ಒಂದು ಎಲೆಯೂ ಇಲ್ಲ. ಕೆಲವನ್ನು ಬೇರುಸಹಿತ ಕಿತ್ತೊಯ್ದಿದ್ದರು. ಉಳಿದ ಮೋಟುಗಳಾದರೂ ಚಿಗುರಬಹುದು ಎಂದು ಬಗ್ಗಿ ನೋಡಿದೆ. ತೆರೆದ ಗೇಟಿನಿಂದ ಆಡುಗಳು ನುಗ್ಗಿ ತೊಗಟೆಯನ್ನೂ ಸುಲಿದು ತಿಂದಿದ್ದವು.

ಗೇಟು ತೆಗೆದವನು ಶಾಲಾ ಸಮಿತಿಯ ಅಧ್ಯಕ್ಷ ಭರಮಪ್ಪ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಅಳಬೇಕು? ತಲೆಗೆ ಹೊಸ ಪಟಗ ಸುತ್ತಿಕೊಂಡು, ಕೈತುಂಬ ಬನ್ನಿ ಹಿಡಿದು ಅವನೇ ಎದುರಿಗೆ ಬಂದ.

“ಊರಾಗ ಬನ್ನಿ ಮುಡಿಯಾಕ ಇನ್ನೆಲ್ಲಿ ಹೋಗೂಣ್ರಿ ಟೀಚರ್? ನಿಮ್ಮ ಹುಡುಗೂರಿಂದ ಊರಿನ ಹಬ್ಬ ಉಳೀತು. ದೊಡ್ಡ ಪುಣ್ಯಾ ಕಟಗೊಂಡ್ರಿ.”

“ಇದು ಮುಡಿಯೂದಲ್ರಿ, ಮುರಿಯೂದು!” ಎಂದು ಚೀರಿದೆ.

ಅವನ ಮುಖ ಸಣ್ಣದಾಯಿತು. “ಹಂಗ್ಯಾಕ ಅಂತೀರಿ? ಕೈ ಮುಗದ ಹರದೇವ್ರಿ,” ಎಂದ. ನಿಜವಾಗಿಯೂ ನೊಂದುಕೊಂಡಿದ್ದ. ಆಮೇಲೆ ನನ್ನ ಪಕ್ಕದಲ್ಲಿದ್ದ ಹಿನಾಳ ಅಂಗೈಯಲ್ಲಿ ನಾಲ್ಕು ಎಲೆ ಇಟ್ಟ.

“ಬನ್ನಿ ತಗೊಂಡು ಬಂಗಾರದಂಗ ಇರೂಣು, ಮಗಳ.”

ಕೊಟ್ಟ ಬನ್ನಿಯನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಹಿನಾ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಹಿರಿಯರಿಗೆ ಮಾಡುವಂತೆ ಬಗ್ಗಿ ಭರಮಪ್ಪನ ಕಾಲು ಮುಟ್ಟಿದಳು. ಅತ್ತದ್ದು ನಾನು.

ರಜೆ ಮುಗಿದ ಮೇಲೆ ಕ್ಲಬ್ಬಿನ ಮಕ್ಕಳನ್ನು ಕೂರಿಸಿಕೊಂಡೆ. ನನಗೇ ನಂಬಿಕೆಯಿಲ್ಲದ ದನಿಯಲ್ಲಿ, ಮತ್ತೆ ಏನು ನೆಡೋಣ ಎಂದು ಕೇಳಿದೆ. ಹಿನಾ ತಲೆ ಎತ್ತಿದಳು.

“ಟೀಚರ್, ಯಾರೂ ಪೂಜಾ ಮಾಡಲಾರದಂಥಾ, ಯಾರಿಗೂ ಯಾತಕ್ಕೂ ಬ್ಯಾಡಾದಂಥಾ ಗಿಡ ಯಾವುದೈತ್ರಿ?”

ಬಿಲ್ವ, ಮಾವು, ಅತ್ತಿ, ಎಕ್ಕ ಎಂದು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದೆ. ನಮ್ಮ ಜನ ಗರಿಕೆಯನ್ನೂ ಬಿಟ್ಟಿಲ್ಲ. ವಿಜ್ಞಾನದ ಟೀಚರು ನಾನು, ಯಾವುದೂ ಇಲ್ಲವೆಂದು ತಲೆಯಾಡಿಸಿದೆ.

ಹಿನಾ ಎದ್ದು ನಿಂತಳು.

“ಹಂಗಾರ ಏನೂ ಹಚ್ಚೂದ ಬ್ಯಾಡ ಬಿಡ್ರಿ,” ಎಂದು ಪಾಟಿಚೀಲ ಹೆಗಲಿಗೆ ಹಾಕಿಕೊಂಡಳು. ಉಳಿದ ಮಕ್ಕಳೂ ಅವಳ ಹಿಂದೆಯೇ ಎದ್ದು ಬಿಸಿಲಿಗೆ ಹೋದರು.