ಮಿನೆಗಿಶಿ ಮೇಷ್ಟ್ರ ಹಲ್ಲಿನ ಪರೀಕ್ಷೆ

ಎಂಬತ್ತು ವರ್ಷಗಳಲ್ಲಿ ಒಮ್ಮೆಯೂ ಮಿನೆಗಿಶಿ ಶೋಹೆಯ್ ಮೇಷ್ಟ್ರು ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಕೂತವರಲ್ಲ. ಇದನ್ನು ಅವರು ಕೇಳಿದವರಿಗೆ ಒಂದು ಸಲ ಹೇಳುತ್ತಿದ್ದರು, ಕೇಳದವರಿಗೆ ಎರಡು ಸಲ. ಇಸೊಹಾಮ ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಬಿಸಿನೀರಿನ ತೊಟ್ಟಿಗೆ ಕುತ್ತಿಗೆಯವರೆಗೆ ಇಳಿದು, ತಲೆಯ ಮೇಲೆ ಮಡಿಸಿದ ಟವೆಲ್ ಇಟ್ಟುಕೊಂಡು, ಎದುರಿಗೆ ಕೂತವನು ಮೀನುಗಾರನೋ ಅಂಚೆಯವನೋ ಎಂದೂ ನೋಡದೆ ಬಾಯಿ ತೆರೆದು ತೋರಿಸುತ್ತಿದ್ದರು. ‘ಎಣಿಸಿ. ಇಪ್ಪತ್ತಾರು. ಒಂದರಲ್ಲೂ ಹುಳುಕಿಲ್ಲ.’ ಎದುರಿನವರು ಎಣಿಸುತ್ತಿರಲಿಲ್ಲ. ಆ ಬಾಯಿಯ ಮುಂದೆ ಅಷ್ಟು ಹೊತ್ತು ಮೂಗು ಒಡ್ಡಿಕೊಂಡಿರುವುದು ಯಾರಿಗೂ ಸಾಧ್ಯವಿರಲಿಲ್ಲ.

ಮೇಷ್ಟ್ರು ಮೂವತ್ತೆಂಟು ವರ್ಷ ಊರಿನ ಶಾಲೆಯಲ್ಲಿ ಗಣಿತ ಕಲಿಸಿದವರು. ಕೊನೆಯ ಆರು ವರ್ಷ ಹೆಡ್‌ಮಾಸ್ಟರ್. ಜಗತ್ತಿನಲ್ಲಿ ಇರುವುದೆಲ್ಲಕ್ಕೂ ಅಂಕ ಕೊಡಬಹುದೆಂಬುದು ಅವರ ನಂಬಿಕೆ. ಹೆಂಡತಿ ಸೆತ್ಸು ಮಾಡುವ ಮಿಸೊ ಸಾರಿಗೆ ಹತ್ತಕ್ಕೆ ಏಳು. ಪಕ್ಕದ ಮನೆಯ ಹೂಗಿಡಗಳಿಗೆ ನಾಲ್ಕು. ಸೆತ್ಸುಳ ಹಲ್ಲಿಗೆ ಮಾತ್ರ ಸೊನ್ನೆ, ಏಕೆಂದರೆ ಅವಳ ಮೇಲಿನ ಸಾಲು ಐವತ್ತೈದನೆಯ ವಯಸ್ಸಿಗೇ ಹೋಗಿ, ಅಲ್ಲಿ ಕಟ್ಟಿಸಿದ ಸೆಟ್ಟು ಬಂದು ಕೂತಿತ್ತು. ಕೆಳಗೆ ಉಳಿದ ಹನ್ನೊಂದು ಹಲ್ಲುಗಳನ್ನು ಉಳಿಸಿಕೊಳ್ಳಲು ಅವಳು ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಊಟವಾದ ಮೇಲೆ ಸೆಟ್ಟು ತೆಗೆದು ತೊಳೆದು, ಕೆಳಗಿನ ಹಲ್ಲುಗಳ ಸಂದಿಗೆ ಸಣ್ಣ ಬ್ರಷ್ ತೂರಿಸಿ, ಹತ್ತು ನಿಮಿಷ ಬಚ್ಚಲಲ್ಲೇ ಇರುತ್ತಿದ್ದಳು.

‘ಮುಗೀತಾ ನಿನ್ನ ಪಿಂಗಾಣಿ ಅಂಗಡಿ?’ ಎಂದು ಮೇಷ್ಟ್ರು ಹೊರಗಿನಿಂದ ಕೇಳುತ್ತಿದ್ದರು.

ಅವರದು ಅರ್ಧ ನಿಮಿಷದ ಕೆಲಸ. ಗಟ್ಟಿ ಬ್ರಷ್ಷು, ಮೇಲೆ ಒಂದು ಚಿಟಿಕೆ ಉಪ್ಪು, ಗರಗಸ ಎಳೆದಂತೆ ಎಡಕ್ಕೆ ಬಲಕ್ಕೆ ಎಂಟು ಬಾರಿ. ಉಗುಳಿದರೆ ಬೋಗುಣಿಯಲ್ಲಿ ಕೆಂಪು. ‘ಕೆಟ್ಟ ರಕ್ತ ಹೋಗ್ತಿದೆ, ಒಳ್ಳೇದೇ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಇತ್ತೀಚೆಗೆ ಕೆಳಗಿನ ಮುಂಭಾಗದ ಹಲ್ಲುಗಳು ಉದ್ದವಾದಂತೆ ಕಾಣುತ್ತಿದ್ದವು. ಒಸಡು ಕೆಳಗೆ ಸರಿದು ಬೇರು ಬಯಲಾಗುತ್ತಿದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಈ ವಯಸ್ಸಿನಲ್ಲೂ ಹಲ್ಲು ಬೆಳೆಯುತ್ತಿದೆಯಲ್ಲ ಎಂದು ಹಿಗ್ಗಿದರು.

ಆ ವರ್ಷ ಏಪ್ರಿಲ್‌ನಲ್ಲಿ ಪುರಸಭೆಯ ಪ್ರಕಟಣೆ ಬಂತು. ಎಂಬತ್ತು ದಾಟಿಯೂ ಇಪ್ಪತ್ತಕ್ಕಿಂತ ಹೆಚ್ಚು ಸ್ವಂತ ಹಲ್ಲು ಉಳಿಸಿಕೊಂಡ ಹಿರಿಯರಿಗೆ ಜೂನ್ ತಿಂಗಳಲ್ಲಿ ಸನ್ಮಾನ. ಅವರಲ್ಲಿ ಬಾಯಿ ಅತ್ಯಂತ ಆರೋಗ್ಯವಾಗಿರುವವರಿಗೆ ಮೊದಲ ಬಹುಮಾನ, ಫಲಕ, ಪುರಸಭೆಯ ಪತ್ರಿಕೆಯಲ್ಲಿ ಫೋಟೊ. ಮೇಷ್ಟ್ರು ಪ್ರಕಟಣೆ ಓದಿ ಮುಗಿಸುವ ಮೊದಲೇ ಫೋಟೊಗೆ ಯಾವ ಟೈ ಎಂದು ಯೋಚಿಸತೊಡಗಿದರು.

ಪರೀಕ್ಷೆ ನಡೆದದ್ದು ಡಾಕ್ಟರ್ ಕುಜಿ ಮಾಚಿಕೊಳ ಕ್ಲಿನಿಕ್ಕಿನಲ್ಲಿ. ಈ ಮಾಚಿಕೊ ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಭಿನ್ನರಾಶಿಯಲ್ಲಿ ನೂರಕ್ಕೆ ಮೂವತ್ತೆಂಟು ತೆಗೆದು, ಅದನ್ನು ಇಡೀ ತರಗತಿಗೆ ಕೇಳುವಂತೆ ಮೇಷ್ಟ್ರ ಬಾಯಿಂದ ಓದಿಸಿಕೊಂಡವಳು. ಈಗ ನಲವತ್ತರ ಹತ್ತಿರದ ಶಾಂತ ಹೆಂಗಸು.

‘ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಎಲ್ಲಾದ್ರೂ ನೋವಿದ್ಯಾ?’

‘ನೋವು ಅಂದ್ರೇನು ಅಂತಾನೇ ಗೊತ್ತಿಲ್ಲಮ್ಮ ನಂಗೆ.’

ಡಾಕ್ಟರು ಹಲ್ಲು ಎಣಿಸಿದಳು. ಇಪ್ಪತ್ತಾರು. ಹುಳುಕಿಲ್ಲ. ಮೇಷ್ಟ್ರು ಬಾಯಿ ತೆರೆದುಕೊಂಡೇ ಹೂಂ ಎಂದರು. ಆಮೇಲೆ ಅವಳು ಸೂಜಿಯಂಥದೊಂದು ಸಣ್ಣ ಸಲಾಕೆ ತೆಗೆದುಕೊಂಡು, ಪ್ರತಿಯೊಂದು ಹಲ್ಲಿನ ಪಕ್ಕ ಒಸಡಿನೊಳಗೆ ಇಳಿಸಿ, ಒಂದೊಂದು ಅಂಕಿ ಹೇಳುತ್ತಾ ಹೋದಳು. ಪಕ್ಕದಲ್ಲಿ ನಿಂತ ನರ್ಸು ಬರೆದುಕೊಳ್ಳುತ್ತಿದ್ದಳು.

‘ಆರು. ಏಳು. ಏಳು. ಎಂಟು.’

ಮೇಷ್ಟ್ರ ಕಿವಿ ನೆಟ್ಟಗಾಯಿತು. ಸಲಾಕೆ ಚುಚ್ಚಿದಲ್ಲೆಲ್ಲ ಚುರುಗುಟ್ಟುತ್ತಿತ್ತು, ನಾಲಿಗೆಗೆ ರಕ್ತದ ರುಚಿ ತಾಗಿತು. ಅದನ್ನೆಲ್ಲ ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

‘ಎಂಟು. ಒಂಬತ್ತು.’ ಡಾಕ್ಟರು ಒಂದು ಕ್ಷಣ ನಿಂತು, ಅದೇ ಜಾಗ ಮತ್ತೆ ನೋಡಿದಳು. ‘ಹೌದು, ಒಂಬತ್ತು.’

ಹತ್ತಕ್ಕೆ ಒಂಬತ್ತು! ಅದೂ ಮರುಪರಿಶೀಲಿಸಿ! ಅಷ್ಟು ಅಂಕ ತಾವು ಯಾರಿಗೂ ಕೊಟ್ಟದ್ದು ಮೇಷ್ಟ್ರಿಗೆ ನೆನಪಿರಲಿಲ್ಲ. ಮೂವತ್ತೆಂಟು ತೆಗೆದ ಹುಡುಗಿ ಎಷ್ಟು ದೊಡ್ಡ ಮನಸ್ಸಿನವಳಾಗಿ ಬೆಳೆದಿದ್ದಾಳೆ ಎಂದು ಅವರ ಕಣ್ಣು ತುಂಬಿ ಬಂತು. ನೋವಿಗೆ ಅಳುತ್ತಿದ್ದಾರೆಂದು ನರ್ಸು ಕಾಗದದ ಕರವಸ್ತ್ರ ಕೊಟ್ಟಳು.

ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ, ಪರದೆಯಾಚೆ ಮುಂದಿನವರ ಪರೀಕ್ಷೆ ಕೇಳಿಸಿತು. ಒಣಮೀನಿನ ಅಂಗಡಿಯ ತೋಮೆ, ಗಂಡ ಸತ್ತು ಇಪ್ಪತ್ತು ವರ್ಷವಾದ ಜೋರು ಬಾಯಿಯ ಮುದುಕಿ. ‘ಎರಡು. ಎರಡು. ಮೂರು. ಎರಡು.’ ಮೇಷ್ಟ್ರಿಗೆ ಪಾಪ ಎನಿಸಿತು. ಆದರೂ ಪೂರ್ತಿ ಕೇಳಿಸಿಕೊಂಡೇ ಹೊರಟರು.

ಮಧ್ಯಾಹ್ನದ ಊಟಕ್ಕೆ ಕೂತಾಗ ಸೆತ್ಸುಗೆ ಎಲ್ಲವನ್ನೂ ವರದಿ ಒಪ್ಪಿಸಿದರು. ಎಂಟು, ಒಂಬತ್ತು ಎಂದು ಕೇಳಿದೊಡನೆ ಸೆತ್ಸುಳ ಕೈಯಲ್ಲಿದ್ದ ಊಟದ ಕಡ್ಡಿಗಳು ಮೂಲಂಗಿ ಉಪ್ಪಿನಕಾಯಿಯ ಮೇಲೆ ನಿಂತುಬಿಟ್ಟವು.

‘ರೀ... ಸೂಜಿ ಥರದ್ದು ಒಳಗೆ ಇಳಿಸಿ ಹೇಳಿದ್ರಾ ಆ ನಂಬರು?’

‘ಹೂಂ ಮತ್ತೆ.’

‘ಅದು ಮಾರ್ಕ್ಸ್ ಅಲ್ಲ ಕಣ್ರೀ. ನಂಗೂ ಹಾಗೇ ಮಾಡ್ತಾರೆ. ಅದು...’

‘ನಿಂಗೆಷ್ಟು ಬಂತು ಹೋದ ಸಲ?’

‘ಮೂರು.’

‘ನೋಡು!’ ಮೇಷ್ಟ್ರು ಬಟ್ಟಲು ಕೆಳಗಿಟ್ಟರು. ‘ಮೂರು ತಗೊಂಡೋಳು ಒಂಬತ್ತು ತಗೊಂಡೋನಿಗೆ ಪಾಠ ಹೇಳ್ತಿದ್ದಾಳೆ! ಬಾಯಲ್ಲಿ ಹಲ್ಲೇ ಇಲ್ಲ, ಹಲ್ಲಿನ ಬಗ್ಗೆ ಮಾತು ಬೇರೆ.’

ಸೆತ್ಸು ಮೂಲಂಗಿಯ ತುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಕಟ್ಟಿಸಿದ ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ವಾರದೊಳಗೆ ಇಡೀ ಊರಿಗೆ ಗೊತ್ತಾಯಿತು. ಸ್ನಾನಗೃಹದಲ್ಲಿ, ಕ್ಷೌರದಂಗಡಿಯಲ್ಲಿ, ‘ಗೋ’ ಎಂಬ ಮಣೆಯಾಟದ ಮನೆಯಲ್ಲಿ ಮೇಷ್ಟ್ರು ತಮ್ಮ ಅಂಕಪಟ್ಟಿಯನ್ನು ಮೇಲಿನ ಬಲದವಡೆಯಿಂದ ಕೆಳಗಿನ ಎಡದವಡೆಯವರೆಗೆ ಬಾಯಿಪಾಠ ಒಪ್ಪಿಸಿದರು. ತೋಮೆಯ ಅಂಗಡಿಗೂ ಹೋಗಿ ಸಂತಾಪ ಸೂಚಿಸಿದರು.

‘ಬೇಜಾರು ಮಾಡ್ಕೋಬೇಡಮ್ಮ. ಭಾಗವಹಿಸೋದೇ ಮುಖ್ಯ.’

‘ಏನು ಮೇಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆನೇ ಸಾಕೆ ಹೆಂಡ ಕುಡಿದ್ರಾ?’ ಎಂದ ತೋಮೆ ಮೀನು ತಿರುವಿಹಾಕಿದಳು.

ನಡುವೆ ಕುಜಿ ಡಾಕ್ಟರಿಂದ ಕಾಗದ ಬಂತು. ‘ಪರೀಕ್ಷೆಯ ಫಲಿತಾಂಶದ ಬಗ್ಗೆ ಮಾತನಾಡುವುದಿದೆ. ದಯವಿಟ್ಟು ಆದಷ್ಟು ಬೇಗ ಕ್ಲಿನಿಕ್ಕಿಗೆ ಬನ್ನಿ.’ ಮೇಷ್ಟ್ರು ಅದನ್ನು ಎರಡು ಬಾರಿ ಓದಿ, ಅರ್ಥಗರ್ಭಿತವಾಗಿ ನಕ್ಕರು. ಗೆಲ್ಲುವವನು ತೀರ್ಪುಗಾರರನ್ನು ಮೊದಲೇ ಭೇಟಿಯಾಗುವುದು ಚೆನ್ನಾಗಿರುವುದಿಲ್ಲ, ಊರಿನವರು ಏನೆಂದುಕೊಳ್ಳುತ್ತಾರೆ? ಹೋಗಲಿಲ್ಲ. ಕ್ಲಿನಿಕ್ಕಿನಿಂದ ಎರಡು ಬಾರಿ ಫೋನು ಬಂದಾಗಲೂ ‘ಮನೇಲಿಲ್ಲ ಅನ್ನು’ ಎಂದರು. ಸೆತ್ಸು ಹಾಗೆಯೇ ಅಂದಳು.

ಜೂನ್ ಮೊದಲ ವಾರ, ಸಮುದಾಯ ಭವನದಲ್ಲಿ ಸಮಾರಂಭ. ನಾಲ್ಕು ಪುಟದ ಭಾಷಣವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತರು. ಸೆತ್ಸು ಅವರ ಟೈ ಸರಿಮಾಡಿ, ತಾನು ಹಿಂದಿನ ಸಾಲಿಗೆ ಹೋದಳು. ಮೂರನೆಯ ಬಹುಮಾನ ಹೇಳಿದರು, ಎರಡನೆಯದು ಹೇಳಿದರು. ‘ಮೊದಲ ಬಹುಮಾನ’ ಎಂದ ಕೂಡಲೇ ಮೇಷ್ಟ್ರು ಎದ್ದು ನಿಂತು ಸಭೆಯ ಕಡೆ ತಿರುಗಿ ಬಾಗಿದರು. ಅವರು ಬಾಗಿರುವಾಗಲೇ ತೋಮೆಯ ಹೆಸರು ಕೇಳಿಸಿತು. ಇಪ್ಪತ್ತೆರಡು ಹಲ್ಲು, ಅದರಲ್ಲಿ ಐದಕ್ಕೆ ಸಿಮೆಂಟು ತುಂಬಿಸಿದ್ದು, ಮೂರಕ್ಕೆ ಕ್ಯಾಪ್ ಹಾಕಿಸಿದ್ದು.

ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲು ಮೇಷ್ಟ್ರಿಗೆ ಸ್ವಲ್ಪ ಸಮಯ ಹಿಡಿಯಿತು.

‘ತಪ್ಪಾಗಿದೆ!’ ಎಂದರು. ‘ಅಂಕಪಟ್ಟಿ ಓದಿ! ನನಗೆ ಒಂಬತ್ತು ಬಂದಿದೆ. ಆಯಮ್ಮನಿಗೆ ಎರಡು. ನಾನೇ ಕಿವಿಯಾರೆ ಕೇಳಿದ್ದೀನಿ.’

ಕುಜಿ ಡಾಕ್ಟರು ವೇದಿಕೆಯಿಂದ ಇಳಿದು ಹತ್ತಿರ ಬಂದಳು. ‘ಮೇಷ್ಟ್ರೇ, ಒಳಗೆ ಬನ್ನಿ, ನಿಧಾನವಾಗಿ ಹೇಳ್ತೀನಿ.’

‘ಒಳಗೆ ಯಾಕೆ? ಇಲ್ಲೇ ಹೇಳು, ಎಲ್ಲರ ಎದುರಿಗೆ! ನನ್ನ ಹತ್ರ ಮುಚ್ಚಿಡೋ ಅಂಥದ್ದೇನೂ ಇಲ್ಲ.’

‘ಬೇಡ ಮೇಷ್ಟ್ರೇ.’

‘ಹೇಳು ಅಂದ್ನಲ್ಲ!’ ತರಗತಿಯ ಹಳೆಯ ಗಂಟಲು ಅದು. ಸಭೆಯಲ್ಲಿ ಐವತ್ತು ದಾಟಿದ ನಾಲ್ಕಾರು ಜನ ತಮಗೇ ತಿಳಿಯದಂತೆ ನೆಟ್ಟಗೆ ಕೂತರು.

ಡಾಕ್ಟರು ಉಸಿರೆಳೆದುಕೊಂಡಳು. ‘ಅದು ಅಂಕ ಅಲ್ಲ. ಮಿಲಿಮೀಟರು. ಹಲ್ಲಿಗೂ ಒಸಡಿಗೂ ನಡುವೆ ಸಂದಿ ಎಷ್ಟು ಆಳ ಇದೆ ಅಂತ ಅಳೆಯೋದು. ಮೂರರೊಳಗೆ ಇದ್ರೆ ಒಳ್ಳೇದು. ಆರು ದಾಟಿದ್ರೆ ಒಳಗಿನ ಮೂಳೆ ಕರಗ್ತಾ ಇದೆ ಅಂತ ಅರ್ಥ. ನಿಮ್ಮ ಹಲ್ಲು ಚೆನ್ನಾಗೇ ಇವೆ. ಅವು ನಿಂತಿರೋ ನೆಲವೇ ಇಲ್ಲ.’

ಅಷ್ಟರಲ್ಲಿ ವೇದಿಕೆಯ ಮೇಲಿಂದ ತೋಮೆ, ‘ಅಯ್ಯೋ! ಒಂಬತ್ತು ಅಂತ ಊರೆಲ್ಲ ಸಾರಿದ್ರಲ್ಲ ಮೇಷ್ಟ್ರೇ! ಬಾಯೊಳಗೆ ಬಾವಿ ತೋಡಿಸ್ಕೊಂಡು ಮೆರವಣಿಗೆ ಹೊರಟಿದ್ರಾ?’ ಎಂದಳು. ಇಡೀ ಭವನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪುರಸಭಾಧ್ಯಕ್ಷರು ಕೆಮ್ಮು ಬಂದವರಂತೆ ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟ್ರು ತಿರುಗಿ ನೋಡಿದಾಗ ಸೆತ್ಸು ತಲೆ ತಗ್ಗಿಸಿದ್ದಳು, ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದು ಭಾವಿಸಲು ಅವರು ಬಹಳ ಪ್ರಯತ್ನಿಸಿದರು.

ಮನೆಗೆ ಹೋಗುವ ದಾರಿಯಲ್ಲಿ ಮಳೆ ಜಿನುಗುತ್ತಿತ್ತು. ‘ನಿಂಗೆ ಗೊತ್ತಿತ್ತು’ ಎಂದರು ಮೇಷ್ಟ್ರು.

‘ಹೇಳೋಕೆ ಬಂದೆ. ಹಲ್ಲಿಲ್ಲದೋಳು ಮಾತಾಡ್ಬೇಡ ಅಂದ್ರಿ.’

‘ಇನ್ನೊಂದ್ಸಲ ಹೇಳ್ಬೇಕಿತ್ತು.’

‘ಇಪ್ಪತ್ತು ವರ್ಷದಿಂದ ಪಿಂಗಾಣಿ ಅಂಗಡಿ ಅನ್ನಿಸಿಕೊಂಡಿದ್ದೀನಿ ರೀ’ ಎಂದಳು ಸೆತ್ಸು, ಕೊಡೆಯನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡು. ‘ಒಂದು ದಿನ ನಾನೂ ನಗಬೇಡ್ವಾ?’

ಮೇಷ್ಟ್ರ ಬಲಭುಜ ನೆನೆಯುತ್ತಿತ್ತು.

ಹತ್ತು ದಿನ ಅವರು ಮನೆಬಿಟ್ಟು ಹೊರಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕಿಯ ಬಿಸ್ಕತ್ತು ಕಚ್ಚಿದಾಗ ಕೆಳಗಿನ ಮುಂಭಾಗದ ಹಲ್ಲೊಂದು ಬಾಗಿಲಿನಂತೆ ಒಳಕ್ಕೆ ಹೊರಕ್ಕೆ ಆಡಿತು. ತಾವಾಗಿಯೇ ಬೂಟು ಹಾಕಿಕೊಂಡು ಕ್ಲಿನಿಕ್ಕಿಗೆ ನಡೆದರು.

ಡಾಕ್ಟರು ಎಕ್ಸ್-ರೇ ತೋರಿಸಿದಳು. ಉದ್ದನೆಯ ಬೇರುಗಳ ಸುತ್ತ ಬೆಳ್ಳಗೆ ಇರಬೇಕಾದ ಕಡೆ ಕಪ್ಪು. ‘ಇದು ನೋವು ಕೊಡದೆ ಬರೋ ಕಾಯಿಲೆ ಮೇಷ್ಟ್ರೇ. ಅದಕ್ಕೇ ನಿಮ್ಮಂಥೋರಿಗೆ ಗೊತ್ತಾಗಲ್ಲ. ರಕ್ತ ಬರ್ತಿರ್ಲಿಲ್ವಾ?’

‘ಕೆಟ್ಟ ರಕ್ತ ಅಂದ್ಕೊಂಡಿದ್ದೆ.’

‘ರಕ್ತ ಒಳ್ಳೇದೇ. ಒಸಡು ಕೆಟ್ಟಿತ್ತು.’

ಎರಡು ಹಲ್ಲು ಕಿತ್ತರು. ಹುಳುಕಿಲ್ಲದ, ಹೊಳೆಯುವ ಎರಡು ಹಲ್ಲುಗಳು, ಬೆರಳಿನ ಸಣ್ಣ ಎಳೆತಕ್ಕೇ ತಟ್ಟೆಗೆ ಬಂದು ಬಿದ್ದವು. ಅಲುಗಾಡುತ್ತಿದ್ದ ಇನ್ನೆರಡನ್ನು ಅಕ್ಕಪಕ್ಕದವುಗಳ ಜೊತೆ ಅಂಟು ಹಾಕಿ ಬಿಗಿದರು. ಆಮೇಲೆ ಆರು ವಾರ, ವಾರಕ್ಕೊಮ್ಮೆ, ಒಸಡು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಒಳಗೆ ಬೇರಿಗೆ ಕಲ್ಲಿನಂತೆ ಕಟ್ಟಿದ್ದ ಕೊಳೆಯನ್ನು ಕೆರೆದು ತೆಗೆದರು. ಒಂದೇ ಒಂದು ಬಾರಿ ಕಿರುಚಿದ ಮೇಷ್ಟ್ರು, ಅದು ಆಕಳಿಕೆ ಎಂದರು.

ಮನೆಯಲ್ಲಿ ಬ್ರಷ್ ಹಿಡಿಯುವುದನ್ನು ಕಲಿಸಿದ್ದು ಸೆತ್ಸು. ಕನ್ನಡಿಯ ಮುಂದೆ ಅವರ ಪಕ್ಕ ನಿಂತು, ‘ಮೆತ್ತಗೆ. ಓರೆಯಾಗಿ ಹಿಡೀರಿ. ಹಲ್ಲು ಒಸಡು ಸೇರೋ ಕಡೆ. ಗರಗಸ ಅಲ್ಲ ಅದು. ಈಗ ಸಂದಿಗೆ ಸಣ್ಣ ಬ್ರಷ್ಷು’ ಎಂದು ಹೇಳಿಕೊಟ್ಟಳು. ಎಂಬತ್ತರ ವಿದ್ಯಾರ್ಥಿ ದಡ್ಡನಾಗಿದ್ದ. ಮೊದಲ ವಾರ ಅವಳು ಅಂಕವನ್ನೇ ಕೊಡಲಿಲ್ಲ. ಎರಡನೆಯ ವಾರ ‘ಹತ್ತಕ್ಕೆ ಎರಡು’ ಎಂದಳು. ಮೇಷ್ಟ್ರು ವಾದಕ್ಕೆ ಬಾಯಿ ತೆರೆದರೆ, ತೆರೆದದ್ದೇ ಒಳ್ಳೆಯದಾಯಿತೆಂದು ಬ್ರಷ್ಷನ್ನು ಹಿಂದಿನ ದವಡೆಗೆ ತೂರಿಸಿದಳು.

ಶರತ್ಕಾಲದ ಹೊತ್ತಿಗೆ ಒಸಡಿನ ಬಾವು ಇಳಿದು ರಕ್ತ ನಿಂತಿತು. ಆಳ ನಾಲ್ಕಕ್ಕೆ ಬಂತು, ಕೆಲವು ಕಡೆ ಮೂರು. ಕಳೆದುಹೋದ ಮೂಳೆ ತಿರುಗಿ ಬರಲಿಲ್ಲ. ಎರಡು ಹಲ್ಲಿನ ಜಾಗಕ್ಕೆ ತೆಗೆದು ಹಾಕುವ ಚಿಕ್ಕ ಸೆಟ್ಟು ಬಂತು.

ಇಷ್ಟಾದ ಮೇಲೆ ಮೇಷ್ಟ್ರು ತಗ್ಗಿ ಬಗ್ಗಿ ನಡೆಯುವ ಮನುಷ್ಯರಾದರು ಎಂದು ಯಾರಾದರೂ ಅಂದುಕೊಂಡರೆ ಅದು ಅವರ ತಪ್ಪು. ನವೆಂಬರಿನಲ್ಲಿ ಅವರು ಮತ್ತೆ ಸ್ನಾನಗೃಹಕ್ಕೆ ಇಳಿದರು. ಈಗ ಅವರು ಬಾಯಿ ತೋರಿಸುತ್ತಿರಲಿಲ್ಲ, ಎದುರಿನವರ ಬಾಯಿ ತೆರೆಸುತ್ತಿದ್ದರು. ‘ರಕ್ತ ಬರುತ್ತಾ? ಹಲ್ಲು ಉದ್ದ ಆಗಿದ್ಯಾ? ಅಯ್ಯೋ, ನಿಂದು ಮುಗೀತು ಬಿಡು!’ ಮೀನುಗಾರರು ಸೋಪು ತೊಳೆಯದೆ ಎದ್ದು ಹೋಗತೊಡಗಿದರು. ಪುರಸಭೆಗೆ ಒಂದು ಅರ್ಜಿಯನ್ನೂ ಬರೆದರು: ಮುಂದಿನ ವರ್ಷದಿಂದ ‘ಒಂದೇ ವರ್ಷದಲ್ಲಿ ಒಸಡನ್ನು ಅತಿ ಹೆಚ್ಚು ಸುಧಾರಿಸಿಕೊಂಡ ಹಿರಿಯರು’ ಎಂಬ ಹೊಸ ಬಹುಮಾನ ಇಡತಕ್ಕದ್ದು.

ಹದಿನೈದು ದಿನಕ್ಕೆ ಉತ್ತರ ಬಂತು. ಸಲಹೆ ಅಮೂಲ್ಯವಾದದ್ದು, ಆದರೆ ಈ ವಿಭಾಗದಲ್ಲಿ ಸದ್ಯಕ್ಕೆ ಊರಿನಲ್ಲಿ ಒಬ್ಬರೇ ಸ್ಪರ್ಧಿ ಇರುವಂತೆ ಕಾಣುತ್ತದೆ ಎಂದು ಬರೆದಿದ್ದರು.

‘ನೋಡು’ ಎಂದರು ಮೇಷ್ಟ್ರು, ಕಾಗದವನ್ನು ಸೆತ್ಸುಳ ಮುಂದೆ ಹಿಡಿದು. ‘ಎದುರಾಳಿಗಳೇ ಇಲ್ಲ!’