ಹೊಸ ದಕ್ಕೆಯ ಬಿಳಿ ಹಡಗು

ಅವನು ಪೈಲಟ್ ಎಂದರೆ ಹೆಂಡತಿಯ ಕಡೆಯ ನೆಂಟರು ಮೊದಲು ಆಕಾಶ ನೋಡುತ್ತಿದ್ದರು. 'ಯಾವ ವಿಮಾನ ಓಡಿಸ್ತೀರಿ?' ಎಂದು ಕೇಳಿದವರಿಗೆಲ್ಲ ಅವನು ವಿವರಿಸಬೇಕಾಗುತ್ತಿತ್ತು. ಹೊರಗಿನಿಂದ ಬಂದ ಹಡಗನ್ನು ನಡುನೀರಿನಲ್ಲೇ ಹತ್ತಿ, ಅದರ ಕ್ಯಾಪ್ಟನ್ ಪಕ್ಕದಲ್ಲಿ ನಿಂತು, ಬಂಡೆ ದಿಬ್ಬಗಳನ್ನು ತಪ್ಪಿಸಿ ಬಂದರಿನೊಳಗೆ ತಂದು ನಿಲ್ಲಿಸುವವನಿಗೂ ಪೈಲಟ್ ಎಂದೇ ಹೆಸರು ಎಂದು ಹೇಳಿ ಹೇಳಿ ಬಾಯಿ ಸೋತು, ಕೊನೆಗೆ ತನ್ನನ್ನು ತಾನೇ 'ನೀರು ಪೈಲಟ್' ಎಂದು ಕರೆದುಕೊಂಡ. ಹೆಸರು ಅಂಟಿಕೊಂಡಿತು. ಹಾಲಿನವನೂ ಹಾಗೇ ಕೂಗುತ್ತಿದ್ದ.

ಊರಿನ ಹಳೆಯ ದಕ್ಕೆ ಸರ್ಕಾರದ್ದು. ದೊಡ್ಡ ಹಡಗುಗಳು ಬಂದು ತಂಗುವ ಹೊಸ ದಕ್ಕೆ ಮಾತ್ರ ಚೀನಾ ಸರ್ಕಾರದ ಕಂಪನಿಯೊಂದಕ್ಕೆ ಗುತ್ತಿಗೆ. ಗುತ್ತಿಗೆ ಎಂದರೆ ಸಾಮಾನ್ಯದ್ದಲ್ಲ. ಬಿಡಿಸಿಕೊಳ್ಳಲು ಮೊಮ್ಮಗನ ಮೊಮ್ಮಗ ಹುಟ್ಟಿ ಬರಬೇಕು. ಶುರುವಿನಲ್ಲಿ ನೀರು ಪೈಲಟ್‌ಗೂ ಖುಷಿಯೇ. ಹೊಸ ದೀಪಗಳು ಬಂದವು, ಹಡಗು ನೂಕುವ ಬಲವಾದ ದೋಣಿಗಳು ಬಂದವು. ಕಂಪನಿಯವರೇ ಶಿಫಾರಸು ಮಾಡಿ ಅವನ ಒಬ್ಬಳೇ ಮಗಳಿಗೆ ಚೀನಾದಲ್ಲಿ ಡಾಕ್ಟರಿಕೆ ಓದಲು ಸೀಟೂ ವಿದ್ಯಾರ್ಥಿವೇತನವೂ ಕೊಡಿಸಿದರು. ಅವನು ಬೀದಿಗೆಲ್ಲ ಸಿಹಿ ಹಂಚಿದ.

ಆಮೇಲೆ ಹೊಸ ದಕ್ಕೆಯ ಸುತ್ತ ಬೇಲಿ ಬಂತು. ಮೀನುದೋಣಿಗಳು ಆ ಕಡೆ ಸುಳಿಯುವಂತಿಲ್ಲ ಎಂದಾಯಿತು. ಬೇಲಿಯ ಒಳಗಿನದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ ಕ್ರೇನ್ ಡ್ರೈವರನ್ನು ಕಂಪನಿಯ ಕಾವಲುಗಾರರು ಇಡೀ ದಿನ ಕೋಣೆಯೊಂದರಲ್ಲಿ ಕೂರಿಸಿಕೊಂಡರು. ಬಿಡಿಸಲು ಹೋದ ಪೊಲೀಸರು ಗೇಟಿನ ಬಳಿ ಒಂದಷ್ಟು ಹೊತ್ತು ನಿಂತು, ಟೋಪಿ ಸರಿಮಾಡಿಕೊಂಡು ವಾಪಸು ಬಂದರು. 'ಒಳಗಡೆ ನಮ್ಮ ಕೈ ನಡೆಯಲ್ಲಪ್ಪ' ಎಂದ ಇನ್ಸ್‌ಪೆಕ್ಟರ್. ನಮ್ಮ ನೆಲ, ನಮ್ಮ ನೀರು, ನಮ್ಮದೇ ಪೊಲೀಸು. ಕೈ ಮಾತ್ರ ನಡೆಯುವುದಿಲ್ಲ. ಅಂದಿನಿಂದ ನೀರು ಪೈಲಟ್‌ನ ಮನಸ್ಸಿನಲ್ಲಿ ಮುಳ್ಳು ಮುರಿದು ಕೂತಿತ್ತು. ಆದರೂ ಸುಮ್ಮನಿದ್ದ. ಮಗಳು ಅಲ್ಲಿದ್ದಳಲ್ಲ.

ಒಂದು ಬೆಳಿಗ್ಗೆ ಬಂದರಿನ ಸಾಹೇಬರು ಅವನನ್ನು ಕೋಣೆಗೆ ಕರೆಸಿದರು.

'ಹೊರಗೊಂದು ಬಿಳಿ ಹಡಗು ನಿಂತಿದೆ. ಹೊಸ ದಕ್ಕೆಗೆ ತಂದುಬಿಡಿ.'

'ಆ ಸಂಶೋಧನೆ ಹಡಗಾ ಸಾರ್? ಗೂಢಚಾರಿಕೆಯದು ಅಂತ ಪೇಪರಲ್ಲೆಲ್ಲ ಬಂತಲ್ಲ? ವಿಚಾರಣೆ ಮುಗಿಯೋವರೆಗೂ ಬಿಡಲ್ಲ ಅಂತ ಮೊನ್ನೆ ತಾನೆ ಮಂತ್ರಿಗಳು ಹೇಳಿದ್ರು.'

'ನೀರು ತುಂಬಿಸ್ಕೊಂಡು ಹೋಗ್ತಾರಂತೆ, ಅಷ್ಟೇ.'

'ಹಾಗಾದ್ರೆ ಅನುಮತೀನ ಬರೆದು ಕೊಡಿ.'

'ನಾನು ಬಾಯಲ್ಲಿ ಹೇಳ್ತಿರೋದೇನು, ಲಾವಣಿನಾ?' ಸಾಹೇಬರು ರೇಗಿದರು. ಆದರೆ ಅವರ ಕಣ್ಣು ಅವನ ಮೇಲಿರಲಿಲ್ಲ, ಮೇಜಿನ ಟೆಲಿಫೋನಿನ ಮೇಲಿತ್ತು. 'ನೀವು ಹೊರಡಿ. ಮೇಲಿನವರ ಹತ್ರ ಮಾತು ನಡೀತಿದೆ. ನೀವು ಹಡಗು ಹತ್ತೋಷ್ಟರಲ್ಲಿ ಅನುಮತಿ ಬಂದಿರುತ್ತೆ.'

ಅವನು ಹೊರಟ. ದೋಣಿಯಲ್ಲಿ ಹೋಗಿ ಹಡಗಿನ ಬದಿಗೆ ಇಳಿಬಿಟ್ಟಿದ್ದ ಹಗ್ಗದ ಏಣಿ ಹಿಡಿದು ಹತ್ತಿದ. ಸಾಮಾನು ತುಂಬುವ ಜಾಗವೇ ಇಲ್ಲದ ಹಡಗು. ಅದರ ಬೆನ್ನ ಮೇಲೆ ದೈತ್ಯರು ಆಡಿ ಬಿಟ್ಟುಹೋದ ಚೆಂಡುಗಳ ಹಾಗೆ ಬಿಳಿಯ ಗುಮ್ಮಟಗಳು. ಅಲ್ಲಲ್ಲಿ ನಿಂತಿದ್ದವರು ನಾವಿಕರ ಹಾಗೆ ಕಂಬಿಗೆ ಒರಗಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದರು. ಒಬ್ಬ ಬಂದು ಬಟ್ಟೆಯ ಚೀಲವೊಂದನ್ನು ಚಾಚಿ ಮೊಬೈಲ್ ಹಾಕುವಂತೆ ಸನ್ನೆ ಮಾಡಿದ. ಇಷ್ಟು ವರ್ಷದಲ್ಲಿ ಎಷ್ಟೋ ದೇಶಗಳ ಹಡಗು ಹತ್ತಿದ್ದ ಅವನಿಗೆ ಯಾರೂ ಹೀಗೆ ಚೀಲ ಒಡ್ಡಿರಲಿಲ್ಲ. ಹಾಕಿದ. ಕೈಯಲ್ಲಿ ರೇಡಿಯೋ ಒಂದೇ ಉಳಿಯಿತು.

ಚುಕ್ಕಾಣಿಯ ಕೋಣೆ ಆಸ್ಪತ್ರೆಯಷ್ಟು ಸ್ವಚ್ಛವಾಗಿತ್ತು. ಕ್ಯಾಪ್ಟನ್ ತಲೆ ನರೆತವನು, ಮರ್ಯಾದಸ್ಥ. ಮುಚ್ಚಳವಿದ್ದ ಲೋಟದಲ್ಲಿ ಚಹಾ ಕೊಟ್ಟ, ಹಡಗಿನ ಉದ್ದ, ಆಳ ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೇಳಿದ. ಅವನ ಹಿಂದೆ, ಗೋಡೆಯ ಪಕ್ಕ, ಸಮವಸ್ತ್ರವಿಲ್ಲದ ಒಬ್ಬ ಕುಳಿತಿದ್ದ. ನೀಲಿ ಅಂಗಿ, ಬಟ್ಟೆಯ ಶೂ. ಯಾರೂ ಅವನ ಪರಿಚಯ ಮಾಡಿಸಲಿಲ್ಲ.

ನೀರು ಪೈಲಟ್ ರೇಡಿಯೋದಲ್ಲಿ ಕೇಳಿದ: 'ಸಾರ್, ಅನುಮತಿ ಬಂತಾ?'

'ತನ್ನಿ ಒಳಗೆ.'

'ಬಂತಾ ಅಂತ ಕೇಳಿದೆ.'

'ಬರುತ್ತೆ ಅಂದ್ನಲ್ಲ. ನೀವು ತನ್ನಿ.'

ಅವನು ರೇಡಿಯೋ ಕೆಳಗಿಟ್ಟ. 'ಕ್ಯಾಪ್ಟನ್, ಇಲ್ಲೇ ಲಂಗರು ಹಾಕಿಸಿ. ಅನುಮತಿ ಇಲ್ಲದೆ ಒಳಗೆ ಕರ್ಕೊಂಡು ಹೋಗೋಕಾಗಲ್ಲ.'

ಕ್ಯಾಪ್ಟನ್ ಸಮುದ್ರದ ಕಡೆ ನೋಡಲಿಲ್ಲ, ಯಂತ್ರಗಳ ಕಡೆ ನೋಡಲಿಲ್ಲ. ನೀಲಿ ಅಂಗಿಯವನ ಕಡೆ ನೋಡಿದ. ಹಡಗಿನ ನಿಜವಾದ ಯಜಮಾನ ಯಾರೆಂದು ಕೇಳಿ ತಿಳಿಯುವ ಅಗತ್ಯ ಉಳಿಯಲಿಲ್ಲ.

ನೀಲಿ ಅಂಗಿಯವನು ಎದ್ದು ಹತ್ತಿರ ಬಂದ. ಮುಖದಲ್ಲಿ ನಗುವಿತ್ತು. 'ನಿಮ್ಮ ಮಗಳು ಬಹಳ ಜಾಣೆ,' ಎಂದ. 'ಅಂಗರಚನಾ ಶಾಸ್ತ್ರದಲ್ಲಿ ತರಗತಿಗೇ ಮೊದಲಂತೆ. ಹಾಸ್ಟೆಲಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಕೊಟ್ಟಿದ್ದಾರೆ. ಬೆಳಕು ಚೆನ್ನಾಗಿದೆ.'

ನೀರು ಪೈಲಟ್‌ನ ಕಣ್ಣು ತಟ್ಟನೆ ಅವನತ್ತ ಹೊರಳಿತು. ತನಗೆ ಮಗಳಿದ್ದಾಳೆಂದು ಅವನು ಆ ಹಡಗಿನಲ್ಲಿ ಯಾರಿಗೂ ಹೇಳಿರಲಿಲ್ಲ.

'ಮಾತಾಡುತ್ತೀರಾ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಆತ ತನ್ನ ಫೋನು ಒತ್ತಿ ಅವನ ಮುಂದೆ ಹಿಡಿದ. ಪರದೆಯ ಮೇಲೆ ಮಗಳ ಮುಖ ಮೂಡಿತು. ಬಿಳಿ ಕೋಟು ಹಾಕಿಕೊಂಡಿದ್ದಳು. ಅವಳ ಭುಜದ ಪಕ್ಕದಲ್ಲಿ ಇನ್ಯಾರದೋ ತೋಳು ಕಾಣುತ್ತಿತ್ತು, ಮುಖವಿಲ್ಲ.

'ಅಪ್ಪಾ? ಏನಾಯ್ತು? ಲ್ಯಾಬಿಂದ ಕರ್ಕೊಂಡು ಬಂದ್ರು, ನಿಮ್ಮಪ್ಪ ಮಾತಾಡ್ಬೇಕಂತೆ ಅಂತ. ಅಮ್ಮ ಹುಷಾರಾಗಿದ್ದಾಳಾ?'

'ಎಲ್ಲಾ ಚೆನ್ನಾಗಿದೀವಿ ಮಗಾ. ಸುಮ್ನೆ ನೋಡೋಣ ಅನ್ನಿಸ್ತು.' ತನ್ನ ದನಿ ತನಗೇ ಬೇರೆಯವರದ್ದೆನ್ನಿಸಿತು. 'ಊಟ ಆಯ್ತಾ?'

'ಈ ಹೊತ್ತಲ್ಲಿ ಎಂಥ ಊಟ ಅಪ್ಪ?'

'ಪಾಸ್‌ಪೋರ್ಟು ಎಲ್ಲಿಟ್ಟಿದೀಯ?'

'ಕಾಲೇಜ್ ಆಫೀಸಲ್ಲಿದೆ. ಯಾಕೆ?' ಅವಳ ಕಣ್ಣು ಕಿರಿದಾದವು. ಪಕ್ಕದ ತೋಳಿನ ಕಡೆ ಒಮ್ಮೆ ಹೊರಳಿ ನೋಡಿದಳು. 'ಅಪ್ಪಾ, ಯಾರ ಫೋನಿದು?'

ಪರದೆ ಕಪ್ಪಾಯಿತು. ನೀಲಿ ಅಂಗಿಯವನು ಫೋನನ್ನು ಜೇಬಿಗಿಟ್ಟು, ಏನೂ ಆಗದವನಂತೆ ಹೋಗಿ ಮತ್ತೆ ತನ್ನ ಜಾಗದಲ್ಲಿ ಕುಳಿತ. ಬೆದರಿಕೆಯ ಒಂದು ಮಾತಿಲ್ಲ, ಏರುದನಿಯಿಲ್ಲ. ಕೋಣೆಯಲ್ಲಿದ್ದವರೆಲ್ಲ ಗಾಜಿನಾಚೆಯ ನೀರನ್ನೇ ನೋಡುತ್ತಿದ್ದರು.

ನೀರು ಪೈಲಟ್ ಕ್ಯಾಪ್ಟನ್ ಪಕ್ಕಕ್ಕೆ ಹೋಗಿ ನಿಂತ. 'ನಿಧಾನಕ್ಕೆ ಮುಂದಕ್ಕೆ,' ಎಂದ.

ಅವತ್ತು ಅವನು ಹಡಗು ತಂದ ರೀತಿಯನ್ನು ನೋಡಿದ ದೋಣಿಯವರು ಆಮೇಲೂ ಹೊಗಳುತ್ತಿದ್ದರು. ದಿಬ್ಬದ ತಿರುವಿನಲ್ಲಿ ಬೆಣ್ಣೆಯಲ್ಲಿ ಕೂದಲೆಳೆದಂತೆ ತಿರುಗಿಸಿದನಂತೆ, ದಕ್ಕೆಗೆ ತಾಗಿದ್ದೇ ಗೊತ್ತಾಗಲಿಲ್ಲವಂತೆ. ತಲೆಯಲ್ಲಿ ಬಿಳಿ ಕೋಟು, ಮುಖವಿಲ್ಲದ ತೋಳು, ಇವೆರಡೇ ಸುತ್ತುತ್ತಿದ್ದರೂ ಬಾಯಿ ತನ್ನಷ್ಟಕ್ಕೆ ಎಡ, ಬಲ ಎನ್ನುತ್ತಿತ್ತು. ಹಗ್ಗ ಕಟ್ಟಿದ ಮೇಲೆ ಕ್ಯಾಪ್ಟನ್ ಅವನನ್ನು ಬಾಗಿಲಿನವರೆಗೆ ಬೀಳ್ಕೊಡಲು ಬಂದ. ಕೈ ಕುಲುಕುವಾಗ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡ. 'ನನಗೂ ಒಬ್ಬ ಮಗನಿದ್ದಾನೆ,' ಎಂದ, ತುಟಿಯಲುಗಿದ್ದೂ ಕಾಣದಷ್ಟು ಮೆಲ್ಲಗೆ. ಅಷ್ಟರಲ್ಲಿ ನೀಲಿ ಅಂಗಿಯವನು ಹಿಂದಿನಿಂದ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದವನು, ಹಡಗಿನವರು ವಾಪಸು ಕೊಟ್ಟಿದ್ದ ಮೊಬೈಲನ್ನು ಹಾಸಿಗೆಯ ಪೆಟ್ಟಿಗೆಯೊಳಗೆ ತುರುಕಿ ಮುಚ್ಚಿ, ಹೆಂಡತಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದ. ಅವಳು ಶಿಶುವಿಹಾರದ ಟೀಚರು. ಅಳುವವರನ್ನು ಸುಮ್ಮನಾಗಿಸುವುದೇ ಅವಳ ಕಸುಬು. ತಾನು ಅಳಲಿಲ್ಲ.

'ಪೇಪರಿನವರ ಹತ್ರ ಹೋಗ್ತೀನಿ. ಈಗಲೇ.'

'ಸುಮ್ನಿರಿ. ಮೊದಲು ಮಗು ಮನೆಗೆ ಬರ್ಲಿ. ಆಮೇಲೆ ತೋರ್ಸಿ ನಿಮ್ಮ ಪೌರುಷ.'

'ಏನಂತ ಕರೆಸೋದು? ಪರೀಕ್ಷೆ ಹತ್ತಿರ ಇದೆ. ಬಿಡಬೇಕಲ್ಲ ಅವರು.'

'ಅಜ್ಜಿ ಹೋದ್ರು ಅನ್ನೋಣ.'

'ಅಜ್ಜಿ ಹೋಗಿ ಯಾವ ಕಾಲ ಆಯ್ತು! ಹಾಸಿಗೆ ಎಲ್ಲಿದೆ ಅಂತ ಗೊತ್ತಿರೋರಿಗೆ ಅಷ್ಟು ಗೊತ್ತಿರಲ್ವಾ?'

ಅವಳು ಒದ್ದೆ ಕಲ್ಲನ್ನು ಬೆರಳಿನಿಂದ ಕೆರೆಯುತ್ತ ಯೋಚಿಸಿದಳು. 'ಮದುವೆ ಗೊತ್ತಾಗಿದೆ ಅನ್ನೋಣ.'

ಹಾಗೆಯೇ ಮಾಡಿದರು. ಫೋನಿನಲ್ಲಿ ನಿಜ ಹೇಳುವಂತಿರಲಿಲ್ಲ. ಯಾರು ಕೇಳಿಸಿಕೊಳ್ಳುತ್ತಾರೋ ಯಾರಿಗೆ ಗೊತ್ತು. ಹುಡುಗ ಇಂಜಿನಿಯರು, ಒಳ್ಳೆಯ ಮನೆತನ, ನಿಶ್ಚಿತಾರ್ಥಕ್ಕೆ ಬಂದು ಹೋಗು ಎಂದಳು ತಾಯಿ. ಮಗಳು ಉರಿದುಬಿದ್ದಳು. 'ನನ್ನನ್ನ ಒಂದು ಮಾತು ಕೇಳಿದ್ರಾ? ನಾನೇನು ದನಾನಾ, ಹಗ್ಗ ಬದಲಾಯಿಸೋಕೆ?' ಎಂದು ಕಿರುಚಿ ಫೋನಿಟ್ಟಳು. ಮರುದಿನ ಮತ್ತೆ ಜಗಳ, ಅದರ ಮರುದಿನವೂ ಜಗಳ. ನೀರು ಪೈಲಟ್ ಪಕ್ಕದಲ್ಲಿ ಕೂತು ತುಟಿ ಕಚ್ಚಿಕೊಳ್ಳುತ್ತಿದ್ದ. ಅವಳ ಸಿಟ್ಟು ಸಾಚಾ ಆಗಿದ್ದದ್ದೇ ಒಳ್ಳೆಯದಾಯಿತು. ಕೇಳಿಸಿಕೊಂಡವರು ಯಾರೇ ಇರಲಿ, ಹಟಮಾರಿ ತಂದೆತಾಯಿಯ ಕೈಗೆ ಸಿಕ್ಕ ಹುಡುಗಿ ಎಂದು ನಂಬಿರಬೇಕು. 'ಬಂದು ನಿಮ್ಮ ಮುಖದ ಎದುರಿಗೇ ಬೇಡ ಅಂತೀನಿ' ಎಂದು ಅವಳು ರಜೆ ಕೇಳಿದಳು. ಕಾಲೇಜು ಒಂದು ವಾರ ಸತಾಯಿಸಿ ಪಾಸ್‌ಪೋರ್ಟು ಕೊಟ್ಟಿತು.

ವಿಮಾನ ನಿಲ್ದಾಣದಲ್ಲಿ ಹೊರಬಂದವಳು ತಾಯಿಯನ್ನು ಅಪ್ಪಿಕೊಳ್ಳಲೂ ಇಲ್ಲ. ಟ್ಯಾಕ್ಸಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು.

'ಎಲ್ಲಿ ಆ ಮಹಾನುಭಾವ?' ಎಂದಳು ಕೊನೆಗೆ.

'ಗಂಡೂ ಇಲ್ಲ, ಗುಂಡೂ ಇಲ್ಲ ಮಗಾ,' ಎಂದು ತಾಯಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಷ್ಟು ದಿನ ತಡೆದಿಟ್ಟಿದ್ದ ಅಳು ಆಗ ಬಂತು.

ಮನೆಯಲ್ಲಿ ತಂದೆ ಮಗಳಿಗೆ ಎಲ್ಲವನ್ನೂ ಹೇಳಿದ. ತನ್ನ ಓದು ಅಲ್ಲಿಗೆ ಮುಗಿಯಿತೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಹೊರಬಂದಾಗ ಕಣ್ಣು ಕೆಂಪಾಗಿದ್ದವು. 'ಹೋಗಿ ಹೇಳಪ್ಪ,' ಎಂದಳು. 'ನಾನೂ ಬರ್ತೀನಿ.'

ಅಷ್ಟರಲ್ಲಿ ಹಡಗು ಬಂದ ಸುದ್ದಿ ದೇಶಕ್ಕೆಲ್ಲ ಹಬ್ಬಿ, ಜನಪ್ರತಿನಿಧಿಗಳ ಸಮಿತಿಯೊಂದು ಬಂದರಿನಲ್ಲೇ ವಿಚಾರಣೆಗೆ ಕೂತಿತ್ತು. ನೀರು ಪೈಲಟ್ ತಾನಾಗಿಯೇ ಹೋಗಿ ನಿಂತ. ಮುಂದಿನ ಸಾಲಿನಲ್ಲಿ ಬಂದರಿನ ಸಾಹೇಬರೂ ಕಂಪನಿಯ ವಕೀಲನೂ ಅಕ್ಕಪಕ್ಕ ಕೂತಿದ್ದರು.

ವಕೀಲ ಎದ್ದು ಕೇಳಿದ: 'ಹಡಗಿನಲ್ಲಿ ನಿಮ್ಮನ್ನ ಹೊಡೆದರಾ?'

'ಇಲ್ಲ.'

'ಬೆದರಿಸಿದರಾ?'

'ಇಲ್ಲ... ಮಗಳ ಜೊತೆ ಮಾತಾಡಿಸಿದ್ರು.'

ಸಭೆಯಲ್ಲಿ ನಗು ಎದ್ದಿತು. 'ಇಷ್ಟು ಒಳ್ಳೆಯವರ ಮೇಲೆ ದೂರಾ?' ಎಂದ ವಕೀಲ. ನೀರು ಪೈಲಟ್‌ನ ಕಿವಿ ಬಿಸಿಯಾಯಿತು. ಆ ಕೋಣೆಯ ತಣ್ಣಗಿನ ಮೌನವನ್ನು, ಆ ನಗುಮುಖವನ್ನು ಯಾವ ಮಾತಿನಲ್ಲಿ ಹಿಡಿದು ಇವರ ಮುಂದಿಡುವುದು? ಬೆವರು ಒರೆಸಿಕೊಂಡ.

ಹಿಂದಿನ ಸಾಲಿನಿಂದ ಮಗಳು ಎದ್ದಳು. 'ಆ ಕಡೆ ಫೋನು ಹಿಡಿದಿದ್ದೋಳು ನಾನು. ನಾನು ಹೇಳಬಹುದಾ?'

ಅಧ್ಯಕ್ಷರು ತಲೆಯಾಡಿಸಿದರು.

'ನನ್ನನ್ನ ಲ್ಯಾಬಿಂದ ಇಬ್ಬರು ಕರ್ಕೊಂಡು ಹೋದ್ರು. ಕಿಟಕಿ ಇಲ್ಲದ ರೂಮು. ಅಪ್ಪನ ಫೋನು ಬರೋಕೆ ಮುಂಚೆ ಅಲ್ಲಿ ತುಂಬಾ ಹೊತ್ತು ಕೂರಿಸಿದ್ರು. ಅಪ್ಪ ಮಾತಾಡ್ಬೇಕಂತೆ ಅಂದಿದ್ದು ಬಿಟ್ರೆ ಏನೂ ಕೇಳ್ಲಿಲ್ಲ, ಏನೂ ಹೇಳ್ಲಿಲ್ಲ. ಫೋನು ಕಟ್ಟಾದ ಮೇಲೂ ಬಿಡ್ಲಿಲ್ಲ. ಬಾಗಿಲ ಹತ್ರ ಇದ್ದೋನು ತನ್ನ ಮೊಬೈಲೇ ನೋಡ್ತಿದ್ದ. ಆಮೇಲೆ ಅದಕ್ಕೊಂದು ಮೆಸೇಜ್ ಬಂತು. ಅದನ್ನ ನೋಡಿ ನಕ್ಕು, ಇನ್ನು ಕ್ಲಾಸಿಗೆ ಹೋಗಮ್ಮ ಅಂದ.' ಅವಳು ಅಪ್ಪನ ಕಡೆ ತಿರುಗಿದಳು. 'ಅಪ್ಪ ಹಡಗು ದಕ್ಕೆಗೆ ಕಟ್ಟಿದ ಹೊತ್ತೂ ನನ್ನನ್ನ ಬಿಟ್ಟ ಹೊತ್ತೂ ಒಂದೇ. ಅದು ಗೊತ್ತಾಗಿದ್ದು ಇಲ್ಲಿ ಬಂದ ಮೇಲೆ.'

ಈಗ ಯಾರೂ ನಗಲಿಲ್ಲ. ಬಂದರಿನ ಸಾಹೇಬರು ತಮ್ಮ ಕುರ್ಚಿಯನ್ನು ವಕೀಲನಿಂದ ಸ್ವಲ್ಪ ಆಚೆ ಎಳೆದುಕೊಂಡರು.

ಆದದ್ದು ಇಷ್ಟು: ಬಿಳಿ ಹಡಗು ಅಷ್ಟು ಹೊತ್ತಿಗೆ ಹೋಗಿಯಾಗಿತ್ತು. ಅಂಥ ಹಡಗುಗಳಿಗೆ ಬಂದರು ಮುಚ್ಚಬೇಕೆಂದು ಸಮಿತಿ ಹೇಳಿತು; ಸರ್ಕಾರ ಒಂದು ವರ್ಷದ ಮಟ್ಟಿಗೆ ಒಪ್ಪಿತು. ಕಂಪನಿ ಎಲ್ಲವನ್ನೂ ಅಲ್ಲಗಳೆಯಿತು. ಸಾಹೇಬರಿಗೆ ವರ್ಗವಾಯಿತು, ಇನ್ನೂ ದೊಡ್ಡ ಕುರ್ಚಿಗೆ. ನೀರು ಪೈಲಟ್‌ನನ್ನು ಹೊಸ ದಕ್ಕೆಯ ಕೆಲಸದಿಂದ ತೆಗೆದು ಹಳೆಯ ದಕ್ಕೆಯ ಸಣ್ಣ ಹಡಗುಗಳಿಗೆ ಹಾಕಿದರು. ಚಿನ್ನದಂಥ ಸೀಟು ಹಾಳುಮಾಡಿದನೆಂದು ನೆಂಟರು ಆಡಿಕೊಂಡರು. ಮಗಳು ಊರಿನಲ್ಲೇ ನರ್ಸಿಂಗ್ ಕಾಲೇಜು ಸೇರಿದಳು, ಮೊದಲ ವರ್ಷದಿಂದ, ತನಗಿಂತ ಚಿಕ್ಕವರ ಜೊತೆ.

ವಿಚಾರಣೆ ಮುಗಿದ ದಿನ ಅಪ್ಪ ಮಗಳು ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದರು. ಜನ ಕಿಕ್ಕಿರಿದಿದ್ದರು, ಇಬ್ಬರೂ ಕಂಬಿ ಹಿಡಿದು ನಿಂತಿದ್ದರು.

'ಅಪ್ಪಾ, ಅವತ್ತು ನೀನು ತರಲ್ಲ ಅಂದಿದ್ರೆ ಅವ್ರು ನಂಗೇನ್ ಮಾಡ್ತಿದ್ರು?'

'ಗೊತ್ತಿಲ್ಲ.'

'ಏನೂ ಮಾಡ್ತಿರ್ಲಿಲ್ವೇನೋ.'

'ಇರ್ಬಹುದು.'

'ನಂಗೆ ನಿನ್ ಮೇಲೆ ಇನ್ನೂ ಸಿಟ್ಟಿದೆ,' ಎಂದಳು. 'ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ. ತಂದಿದ್ದಕ್ಕೋ, ಕರೆಸಿಕೊಂಡಿದ್ದಕ್ಕೋ.'

'ಇರ್ಲಿ ಬಿಡು ಮಗಾ. ನಂಗೂ ನನ್ ಮೇಲೆ ಇದೆ.'

ಬಸ್ಸು ಬ್ರೇಕು ಹಾಕಿದಾಗ ಅವಳು ಮುಗ್ಗರಿಸಿದಳು. ಅವನು ಅವಳ ತೋಳು ಹಿಡಿದುಕೊಂಡ, ಇಳಿಯುವ ಜಾಗ ಬರುವವರೆಗೂ ಬಿಡಲಿಲ್ಲ.