ಗಾಳಿಯದೋ ನೀರಿನದೋ

"ಇನ್ನೊಂಚೂರು ಓರೆ ಮಾಡಿ... ಇನ್ನೊಂಚೂರು... ಅಯ್ಯೋ, ನನ್ನ ಕಾಲು, ಕಾಲು," ಎಂದ ಮೈದುನ.

ನಾಲ್ಕು ಜನ ಗಂಡಸರು ಕಬ್ಬಿಣದ ಮೇಜೊಂದನ್ನು ಹಿಂದಿನ ಕೋಣೆಯ ಬಾಗಿಲಿಗೆ ಸಿಕ್ಕಿಸಿಕೊಂಡು ನಿಂತಿದ್ದರು. ಮುಂದಿನ ಕೋಣೆಯಲ್ಲಿ ತೀರಿಕೊಂಡ ಅಣ್ಣನನ್ನು ಮಲಗಿಸಿದ್ದರು. ಬಂದವರಿಗೆ ಅಲ್ಲಿ ಕೂರಲು ಜಾಗ ಸಾಲದೆ, ಹಿಂದಿನ ಕೋಣೆಯನ್ನಾದರೂ ಖಾಲಿ ಮಾಡಿ ಕುರ್ಚಿ ಹಾಕಿಸೋಣವೆಂದು ಮೈದುನ ಹೊರಟಿದ್ದ. ಯಾರ ಮನೆಯ ಯಾವ ಕೆಲಸವಾದರೂ ಮೊದಲು ತೋಳೇರಿಸಿ ನಿಲ್ಲುವ ಜನ್ಮ ಅವನದು. ಈಗ ಮೇಜು ಒಳಗೂ ಇಲ್ಲ, ಹೊರಗೂ ಇಲ್ಲ.

"ಅದು ಬರಲ್ಲ, ಬಿಡಿ," ಎಂದು ಸತ್ತವನ ಹೆಂಡತಿ ಆಚೆಯಿಂದ ಹೇಳಿದಳು. ನಿನ್ನೆಯಿಂದ ಅವಳು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. "ನಾಲ್ಕು ಬೆರಳು ಜಾಸ್ತಿ ಇದೆ. ಅವರೇ ನೋಡಿಯಾಗಿದೆ."

"ಅಣ್ಣ ಅಳತೆ ತಪ್ಪಿದ್ನಾ?" ಮೈದುನನಿಗೆ ನಂಬಿಕೆ ಬರಲಿಲ್ಲ.

ಯಾರಿಗೂ ಬರುವಂತಿರಲಿಲ್ಲ. ಅಣ್ಣ ಮೂವತ್ನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟಿನ ನೆಲವೂ ಕಟ್ಟಡದ ನೆಲವೂ ಸಮ ಬಂದಿವೆಯೆಂದು ಎಲ್ಲರೂ ಕೈ ತೊಳೆದುಕೊಂಡ ಮೇಲೆ, ಇವನು ಬಗ್ಗಿ ನೋಡಿ, "ಅರ್ಧ ಮಿಲ್ಲಿ ವ್ಯತ್ಯಾಸ ಇದೆ," ಎಂದು ಮತ್ತೆ ಏಳು ಮಹಡಿ ಹತ್ತುತ್ತಿದ್ದ. ಹಾಗಾಗಿ ಕಂಪನಿಯಲ್ಲಿ ಅವನ ಹೆಸರೇ ಅರ್ಧ ಮಿಲ್ಲಿ ಎಂದಾಯಿತು. ಅಂಥ ಮನುಷ್ಯ ಈ ಮೇಜಿನ ಉದ್ದ ಅಳೆದ, ಅಗಲ ಅಳೆದ, ಮೂಲೆಯಿಂದ ಮೂಲೆಗೆ ನೂರು ಸಲ ಅಳೆದ. ಬಾಗಿಲೊಂದನ್ನು ಮಾತ್ರ ಅಳೆಯಲಿಲ್ಲ.

ಮೇಜಿನ ಹಿಂದಿನ ಕಾಲು ಹಿಡಿದಿದ್ದವರಲ್ಲಿ ಯಾರೋ ಕಿಸಕ್ಕೆಂದು ನಕ್ಕು, ತಟ್ಟನೆ ಕೆಮ್ಮಿದರು. ಮೇಜನ್ನು ಮತ್ತೆ ಕೋಣೆಯೊಳಕ್ಕೇ ಸರಿಸಿದರು.

"ಅತ್ತಿಗೆ, ನೀವು ತಲೆ ಕೆಡಿಸಿಕೊಳ್ಬೇಡಿ," ಎಂದ ಮೈದುನ, ಬೆವರು ಒರೆಸಿಕೊಳ್ಳುತ್ತಾ. "ಇವತ್ತಿನದು ಮುಗೀಲಿ. ನಾಳೆ ಗ್ರೈಂಡರ್ ತಂದು ತುಂಡು ಮಾಡಿಸಿ ಸಾಗಿಸಿಬಿಡ್ತೀನಿ. ನಿಮಗೂ ಇದನ್ನ ನೋಡ್ತಾ ಕೂರೋದು ಕಷ್ಟ."

"ಮಾಡ್ಸಿ," ಎಂದಳು ಅವಳು.

ಗೋಡೆಗೊರಗಿ ನಿಂತಿದ್ದ ಅರ್ಧ ಮಿಲ್ಲಿಯ ಗೆಳೆಯ ಆ ಮಾತಿಗೆ ತಲೆಯೆತ್ತಿದ. ಲಿಫ್ಟ್ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬ ಕೆಳಗೆ ಗುಂಡಿಯಲ್ಲಿ, ಒಬ್ಬ ಮೇಲೆ ಮೋಟಾರಿನ ಬಳಿ ಇರಬೇಕು. ಆ ಲೆಕ್ಕದಲ್ಲಿ ಮೂವತ್ನಾಲ್ಕು ವರ್ಷ ಇವನು ಅವನಿಗೆ ಜೋಡಿ, ಮನೆಯವರಿಗೂ ಜೋಡಿಯಣ್ಣ. ಅವನು ಬಾಯಿ ತೆರೆದ, ಮಲಗಿದ್ದವನ ಕಡೆ ಒಮ್ಮೆ ನೋಡಿದ, ಮತ್ತೆ ಬಾಯಿ ಮುಚ್ಚಿಕೊಂಡ.

ಅವಳು ಒಪ್ಪಿದ್ದು ಜಾಗಕ್ಕಾಗಿ ಅಲ್ಲ. ಆ ಮೇಜನ್ನು ನೋಡಿದಾಗೆಲ್ಲ ಮೂರು ವಾರದ ಹಿಂದೆ ತಾನೇ ಆಡಿದ ಮಾತು ಕಿವಿಗೆ ಬಡಿಯುತ್ತಿತ್ತು. ಆ ಒಂದು ಮಾತಿನಿಂದ ಗಂಡನ ಆಸೆಯನ್ನು ತಾನೇ ಕೊಂದೆ, ಆಸೆ ಸತ್ತ ಮೇಲೆ ಆಳು ಎಷ್ಟು ದಿನ ಉಳಿದಾನು ಎಂದು ಅವಳ ಎದೆ ನಿನ್ನೆಯಿಂದ ಕುದಿಯುತ್ತಿತ್ತು. ಇದನ್ನು ಮಗಳಿಗೂ ಹೇಳಿರಲಿಲ್ಲ.

*

ಮೇಜು ಶುರುವಾದದ್ದು ಅವನು ನಿವೃತ್ತನಾದ ವರ್ಷ. ಎಲ್ಲೋ ಹಳೆಯ ಲಿಫ್ಟ್ ಕಿತ್ತು ಹಾಕಿದರೆಂದು ಅದು ಓಡಾಡುತ್ತಿದ್ದ ಉಕ್ಕಿನ ಗೈಡ್ ಹಳಿಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದ.

"ಇದಕ್ಕಿಂತ ನೆಟ್ಟಗಿರೋದು ಲೋಕದಲ್ಲಿ ಇನ್ನೊಂದಿಲ್ಲ ಕಣೆ," ಎಂದ. "ಸಿಎನ್‌ಸಿ ರೂಟರ್ ಮಾಡ್ತೀನಿ. ಮರದ ಮೇಲೆ ತಾನಾಗಿ ಚಿತ್ತಾರ ಕೊರೆಯತ್ತೆ."

"ತಾನಾಗಿ ಅಂದ್ರೆ?"

ಅವನು ವಿವರಿಸಹೊರಟು ತಾನೇ ಗೋಜಲಾದ. ಅವಳು ತಡೆದಳು. ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ, ಹೂಬಳ್ಳಿ ನೇಯುವ ಮಗ್ಗಗಳ ನಡುವೆ ನಿಂತವಳು ಅವಳು. "ನಮ್ಮ ಮಗ್ಗದ ಕಾರ್ಡಿನ ಹಾಗೇ ತಾನೇ? ರಟ್ಟಿನಲ್ಲಿ ತೂತಿದ್ರೆ ನೂಲು ಮೇಲೆ ಬರತ್ತೆ, ಇಲ್ಲದಿದ್ರೆ ಇಲ್ಲ. ತೂತು ಯಾರೋ ಮೊದಲೇ ಯೋಚನೆ ಮಾಡಿ ಚುಚ್ಚಿರ್ತಾರೆ. ಹೂವು ತಾನಾಗಿ ಬಂತು ಅಂತ ನೋಡೋರು ಅಂದ್ಕೋತಾರೆ."

ಅವನು ಬೆಪ್ಪಾಗಿ ಅವಳನ್ನೇ ನೋಡಿದ. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ."

ಆಮೇಲೆ ಅಡುಗೆಮನೆಯ ಕಟ್ಟೆಯೇ ಇಬ್ಬರ ಪಾಠಶಾಲೆ. ಅವಳು ಚೌಕಳಿ ಹಾಳೆಯ ಮೇಲೆ ಬಳ್ಳಿ ಬರೆದು ಕೊಡುವುದು, ಅವನು ಅದನ್ನು ಕಂಪ್ಯೂಟರಿಗೆ ತುಂಬಿಸುವುದು. ಹಿಂದಿನ ಕೋಣೆಯಲ್ಲಿ ಹಳಿಗಳು ಮೇಜಾದವು. ಹಳಿಗಳ ಮೇಲೆ ಅಡ್ಡತೊಲೆ ಓಡಾಡಿತು. ಮೋಟಾರುಗಳು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ ಹೋದವು. ಉಳಿದದ್ದು ಒಂದೇ, ಮರ ಕೊರೆಯುವ ಕಟ್ಟರನ್ನು ಹಿಡಿದು ಗರಗರ ತಿರುಗಿಸುವ ಸ್ಪಿಂಡಲ್.

ಅಲ್ಲಿ ಮಹಾಶಯ ಪೂರ್ತಿ ಒಂದು ವರ್ಷ ನಿಂತ. ಗಾಳಿಯಲ್ಲಿ ತಣ್ಣಗಾಗುವ ಸ್ಪಿಂಡಲ್ ತಗೊಳ್ಳಲೋ, ನೀರಿನಲ್ಲಿ ತಣ್ಣಗಾಗುವುದು ತಗೊಳ್ಳಲೋ. ಗಾಳಿಯದು ಸರಳ, ಆದರೆ ಅದರ ಬೆನ್ನಿನ ಫ್ಯಾನು ಊರೆಲ್ಲ ಕೇಳುವಂತೆ ಕಿರುಚುತ್ತದೆ. ನೀರಿನದು ಪಿಸುಗುಟ್ಟುತ್ತದೆ, ಆದರೆ ಬಕೆಟ್ಟು, ಪಂಪು, ಪೈಪು ಎಂದು ನೂರೆಂಟು ತಾಪತ್ರಯ. ಹಾಲಿನವನನ್ನು ಕೇಳಿದ, ರಕ್ತದೊತ್ತಡ ನೋಡುವ ಡಾಕ್ಟರನ್ನೂ ಕೇಳಿದ.

"ಮದುವೆಗೆ ಮುಂಚೆ ನನ್ನನ್ನ ನೋಡಿ ಹತ್ತು ನಿಮಿಷದಲ್ಲಿ ಒಪ್ಪಿದ್ರಿ. ಇದಕ್ಕೆ ಒಂದು ವರ್ಷ ಬೇಕಾ?" ಎಂದಳು ಅವಳು.

"ಅದಕ್ಕೇ ಕಣೆ, ಈ ಸಲ ಹುಷಾರಾಗಿದೀನಿ."

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

*

ಹನ್ನೊಂದು ಗಂಟೆಗೆ ಗೇಟಿನ ಬಳಿ ಸ್ಕೂಟರು ನಿಂತಿತು. ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ಭಾರದ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಆನಿಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಸತ್ತವನ ಹೆಸರು ಹೇಳಿ, "ಅವರೇ ಬಂದು ಸಹಿ ಹಾಕ್ಬೇಕು," ಎಂದಳು. ಅಷ್ಟರಲ್ಲಿ ಅವಳ ಕಣ್ಣು ಒಳಗೆ ಹೂವಿನ ನಡುವೆ ಮಲಗಿದ್ದವನ ಮೇಲೆ ಬಿತ್ತು. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ತಪ್ಪಾಯ್ತು. ನಾಳೆ ಬರ್ಲಾ?"

"ನಾಳೆ ಬಂದ್ರೆ ಅವರು ಎದ್ದು ಬಂದು ಸಹಿ ಹಾಕ್ತಾರಾ?" ಎಂದಳು ಪಕ್ಕದ ಮನೆಯಾಕೆ. ಕುಹಕಕ್ಕಲ್ಲ, ಅವಳ ಮಾತೇ ಹಾಗೆ.

ಮಗಳು ಮುಂದೆ ಬಂದು ಸಹಿ ಹಾಕಿದಳು. "ವಾಪಸ್ ಕಳಿಸಮ್ಮ, ಈಗ ಯಾರಿಗೆ ಇದೆಲ್ಲ," ಎಂದ ಮೈದುನ. ಮಗಳು ತಾಯಿಯ ಮುಖ ನೋಡಿದಳು.

"ಇರ್ಲಿ. ಒಳಗಿಡು," ಎಂದಳು ತಾಯಿ.

ಪೆಟ್ಟಿಗೆಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಗೊತ್ತಾದದ್ದೇ ಹೊಸ ಸಂಕಟವಾಯಿತು. ಎಂದೋ ಆಸೆಪಟ್ಟು ತರಿಸಿದ್ದಿರಬೇಕು, ದಾರಿಯಲ್ಲಿ ಬರುತ್ತಿದ್ದಾಗಲೇ ತಾನು ಹಾಗೆ ಅಂದಿರಬೇಕು. ಬರುವುದು ಗೊತ್ತಿದ್ದೂ, ಬಂದರೂ ಉಪಯೋಗವಿಲ್ಲವೆಂದು ಗೊತ್ತಿದ್ದೂ ಅವನು ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದನೇ? ವಾಹನ ಬಂತು. ಅವನನ್ನು ಎತ್ತಿದರು. ಜನ ಅತ್ತರು, ಅವಳೂ ಅತ್ತಳು. ಅಳುವಿನ ನಡುವೆಯೂ ಆ ಪೆಟ್ಟಿಗೆ ಅವಳ ತಲೆಯಲ್ಲಿ ಕೂತೇ ಇತ್ತು.

*

ಮೂರು ವಾರದ ಹಿಂದಿನ ಆ ಜಗಳವೂ ಬಾಗಿಲಿನಿಂದಲೇ. ಮೇಜು ಸಿದ್ಧವಾದ ಮೇಲೆ ಅದನ್ನು ಹಿತ್ತಿಲ ಶೆಡ್ಡಿಗೆ ಸಾಗಿಸುವುದೆಂದು ಮೊದಲಿನಿಂದಲೂ ಮಾತಾಗಿತ್ತು. ಸಾಗಿಸುವ ದಿನ ಬಾಗಿಲು ಬಿಡಲಿಲ್ಲ. ಬಿಚ್ಚೋಣವೆಂದರೆ ಎಲ್ಲ ಬೆಸುಗೆ. ಅವನು ತಲೆ ಕೆರೆದುಕೊಂಡು, "ಇಲ್ಲೇ ಇರ್ಲಿ ಬಿಡು," ಎಂದ.

"ಇಲ್ಲೇ ಅಂದ್ರೆ? ಈ ಗೋಡೆಯ ಆ ಕಡೆ ನನ್ನ ದಿಂಬಿದೆ."

ಅವನು ಸಮಾಧಾನ ಮಾಡಲು ಹೋಗಿ, ಎಷ್ಟು ಸದ್ದು ಬರಬಹುದೆಂದು ಫೋನಿನಲ್ಲಿ ಕೇಳಿಸಿದ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇರಲಿಲ್ಲ. ಮಗ್ಗಗಳ ನಡುವೆ ಸವೆದ ಅವಳ ಕಿವಿಯಲ್ಲಿ ಹಗಲೂ ರಾತ್ರಿ ಒಂದು ಸಣ್ಣ ಸಿಳ್ಳೆ ನಿಂತುಬಿಟ್ಟಿತ್ತು. ಅವತ್ತೇ ಬೆಳಗ್ಗೆ ಕಿವಿಯ ಡಾಕ್ಟರು, ಇದು ಹೋಗುವುದಿಲ್ಲಮ್ಮ, ಅಭ್ಯಾಸ ಮಾಡಿಕೊಳ್ಳಿ ಎಂದು ಕಳಿಸಿದ್ದರು.

"ಮೂವತ್ತು ವರ್ಷ ಕಿವಿ ತೆತ್ತಿದೀನಿ, ಸಾಕು," ಎಂದಳು. "ನಾನು ಈ ಮನೆಯಲ್ಲಿ ಇರೋವರೆಗೂ ಆ ಮೇಜಿನ ಮೇಲೆ ಏನೂ ತಿರುಗಲ್ಲ."

ಅವನು ಎದುರಾಡಲಿಲ್ಲ. ಹಳೆಯ ಹೊದಿಕೆಯೊಂದನ್ನು ತಂದು ಮೇಜಿನ ಮೇಲೆ ಹಾಸಿದ, ದೀಪ ಆರಿಸಿದ. ಅಲ್ಲಿಂದಾಚೆ ಸ್ಪಿಂಡಲ್ ಎಂಬ ಪದ ಅವನ ಬಾಯಿಂದ ಬರಲಿಲ್ಲ. ಉಂಡ, ವಾಕಿಂಗ್ ಹೋದ, ಕೇಳಿದ್ದಕ್ಕೆ ಹೂಂ ಅಂದ. ಅವಳು ನೋಡಿದರೆ ಕಣ್ಣು ತಪ್ಪಿಸಿದ. ಎರಡು ದಿನಕ್ಕೆ ಅವಳ ಸಿಟ್ಟು ಇಳಿದಿತ್ತು. ಹಾಕಿಕೊಳ್ಳಿ ಮಾರಾಯರೆ, ಕಿವಿಗೆ ಹತ್ತಿ ಇಟ್ಟುಕೊಳ್ತೀನಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅವನೇ ಮೊದಲು ಕೇಳಲಿ ಎಂದು ನುಂಗಿಕೊಳ್ಳುತ್ತಿದ್ದಳು. ನಿನ್ನೆ ಬೆಳಗ್ಗೆ ಅವನು ವಾಕಿಂಗಿಗೆಂದು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಾ ಹಾಗೆಯೇ ಗೋಡೆಗೆ ವಾಲಿದ.

*

ಮೂರು ಗಂಟೆಗೆ ಎಲ್ಲ ಮುಗಿಸಿ ಬಂದರು. ಮೈದುನ ಮುಂದಿನ ಕೋಣೆಯಲ್ಲಿ ಕೂತು ಗ್ರೈಂಡರ್ ಇರುವ ಯಾರಿಗೋ ಫೋನು ಮಾಡುತ್ತಿದ್ದ. ಅವಳು ನೇರ ಹಿಂದಿನ ಕೋಣೆಗೆ ನಡೆದಳು, ಹಿಂದೆಯೇ ಮಗಳೂ ಜೋಡಿಯೂ.

"ಜೋಡಿಯಣ್ಣ, ಆ ಪೆಟ್ಟಿಗೆ ಒಡೀರಿ."

"ಇವತ್ತೇ ಬೇಕಾ ತಂಗಿ?"

"ಇವತ್ತೇ."

ಅವನು ಜೇಬಿನಿಂದ ಚಾಕು ತೆಗೆದು ಅಂಟುಪಟ್ಟಿ ಸೀಳಿದ. ಒಳಗೆ ಎರಡು ಮಾಲು. ಒಂದು, ಮೋಟಾರಿನ ವೇಗ ಹಿಡಿತದಲ್ಲಿಡುವ ಡಬ್ಬದಂಥ ಡ್ರೈವ್. ಇನ್ನೊಂದು ಸ್ಪಿಂಡಲ್, ಚೌಕನೆಯ ಉದ್ದ ಮೋಟಾರು, ಬೆನ್ನಿಗೆ ಫ್ಯಾನು. ಪೈಪಿಲ್ಲ, ಪಂಪಿಲ್ಲ. ಒಂದು ವರ್ಷ ಚಿತ್ರ ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. "ಗಾಳಿಯದು," ಎಂದಳು.

ಜೋಡಿ ತಲೆ ತಗ್ಗಿಸಿದ.

"ಯಾವಾಗ ತರಿಸಿದ್ದು ನೋಡೇ," ಎಂದು ಮಗಳಿಗೆ ಹೇಳಿದಳು. ಆ ತಾರೀಕಿನ ಮೇಲೆ ತನ್ನ ಮಿಕ್ಕ ಆಯುಷ್ಯವೆಲ್ಲ ನಿಂತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮಗಳು ಪೆಟ್ಟಿಗೆ ತಿರುಗಿಸಿ ಚೀಟಿ ಓದಿದಳು. "ಆರ್ಡರ್ ಹಾಕಿರೋದು ಹದಿನಾಲ್ಕನೇ ತಾರೀಕು, ಅಮ್ಮ."

ಕಿವಿಯ ಡಾಕ್ಟರನ್ನು ನೋಡಿದ್ದು ಹದಿಮೂರು. ಜಗಳ ಹದಿಮೂರು.

"ಸರಿಯಾಗಿ ಓದು."

"ಹದಿನಾಲ್ಕು. ಬೆಳಗ್ಗೆ ಒಂಬತ್ತೂವರೆ."

"ನನ್ನನ್ನ ಬೈಬೇಡಿ ತಂಗಿ," ಎಂದ ಜೋಡಿ. "ನಮ್ಮನೆಯಲ್ಲೇ ಕೂತು ಆರ್ಡರ್ ಹಾಕಿದ. ಹೇಳ್ಬೇಡ ಅಂತ ಕೈ ಹಿಡ್ಕೊಂಡಿದ್ದ. ನಿಮಗೆ ಸದ್ದು ಆಗಲ್ಲ, ನೀರಿನದೇ ತಗೋ ಮಾರಾಯ ಅಂತ ನಾನೂ ಹೇಳ್ದೆ. ಅದಕ್ಕೆ ಏನಂದ ಗೊತ್ತಾ? ಪೈಪು ಬಿಚ್ಚಿ ಮನೆಯೆಲ್ಲ ನೀರಾದ್ರೆ ಅವಳು ನನ್ನನ್ನ ಆಚೆ ಹಾಕ್ತಾಳೆ. ಸದ್ದಿಗಾದ್ರೆ ಎರಡು ದಿನ ಬೈತಾಳೆ, ಮೂರನೇ ದಿನ ಅವಳೇ ಬಂದು ಬಳ್ಳಿ ಸೊಟ್ಟಗಿದೆ ಅಂತ ತಿದ್ದುತಾಳೆ ಅಂದ."

"ಮತ್ತೆ ಮೂರು ವಾರ ಯಾಕೆ ಹಾಗೆ ಮುಗುಮ್ಮಾಗಿದ್ರು? ಮುಖ ಕೊಟ್ಟು ಮಾತಾಡ್ಲಿಲ್ಲ."

"ಹೇಗೆ ಮಾತಾಡ್ತಾನೆ? ನಿಮ್ಮ ಮುಖ ನೋಡಿದ್ರೆ ಬಾಯಿ ಬಿಟ್ಬಿಡ್ತೀನಿ ಅಂತ ಹೆದರಿಕೆ ಅವನಿಗೆ. ದಿನಾ ವಾಕಿಂಗ್ ಅಂತ ಬರೋದು, ಪಾರ್ಸೆಲ್ ಎಲ್ಲಿದೆ ಅಂತ ಫೋನಲ್ಲಿ ನೋಡೋದು. ಚಿಕ್ಕ ಮಕ್ಕಳ ಹಾಗೆ ಕುಣೀತಿದ್ದ."

ಅವಳು ಮೇಜಿನ ಅಂಚು ಹಿಡಿದು ನಿಂತಳು. ಅವಳು ದುಃಖವೆಂದುಕೊಂಡದ್ದು ಕಳ್ಳಬೆಕ್ಕಿನ ಮೌನವಾಗಿತ್ತು. ತಾನು ಆಡಿದ ಮಾತು ಒಂದು ರಾತ್ರಿಯೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಬೆಳಗ್ಗೆ ಒಂಬತ್ತೂವರೆಗೆಲ್ಲ ಅದನ್ನು ಗಾಳಿಗೆ ತೂರಿಬಿಟ್ಟಿದ್ದ. ಮೂವತ್ತೆಂಟು ವರ್ಷದಲ್ಲಿ ಅವಳ ಯಾವ ಮಾತನ್ನು ತಾನೇ ಅವನು ಕಿವಿಗೆ ಹಾಕಿಕೊಂಡಿದ್ದ, ಇದೊಂದನ್ನು ಹಾಕಿಕೊಳ್ಳಲು?

"ಕಳ್ಳ," ಎಂದಳು. ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡೂ ಒಂದರೊಳಗೊಂದು ಸಿಕ್ಕಿಕೊಂಡವು. ಮಗಳು ಓಡಿ ಬಂದು ತಬ್ಬಿಕೊಂಡಳು.

ಗದ್ದಲ ಕೇಳಿ ಮೈದುನ ಇಣುಕಿದ. "ಅತ್ತಿಗೆ, ಗ್ರೈಂಡರ್‌ನವನು ನಾಳೆ ಒಂಬತ್ತಕ್ಕೆ..."

"ಬೇಡ ಅನ್ನಿ. ಬಳ್ಳಿ ಬರೆಯೋದು ನನಗೆ ಬರತ್ತೆ, ಕಂಪ್ಯೂಟರಿಗೆ ತುಂಬೋದು ಇವಳಿಗೆ ಬರತ್ತೆ. ಜೋಡಿಯಣ್ಣ, ಇದನ್ನ ಜೋಡಿಸೋಕೆ ಎಷ್ಟು ಹೊತ್ತು ಬೇಕು?"

"ಡ್ರೈವ್ ನಮ್ಮ ಲಿಫ್ಟಿನದೇ ಥರ. ಒಂದು ಗಂಟೆ ಸಾಕು. ಆದ್ರೆ ಕೂಡ್ಲೇ ಮರ ಕೊರೆಯೋ ಹಾಗಿಲ್ಲ. ಹೊಸ ಬೇರಿಂಗು, ಮೊದಲು ಅರ್ಧ ಗಂಟೆ ಸುಮ್ಮನೆ ಖಾಲಿ ತಿರುಗಿಸ್ಬೇಕು. ತುಂಬ ಸದ್ದು ಬರತ್ತೆ ತಂಗಿ. ಇವತ್ತು ಬೇಡ್ವೇನೋ. ಜನ ಏನಂತಾರೆ?"

"ಜನ ಏನಾದ್ರೂ ಅನ್ಲಿ. ನೀವು ತಿರುಗಿಸಿ."

ಮಗಳು ಟಾರ್ಚು ಹಿಡಿದಳು, ಜೋಡಿ ತಂತಿ ಕೂಡಿಸಿದ. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ ಸ್ಪಿಂಡಲ್ ಗುಂಯ್‌ಗುಟ್ಟಿತು, ಏರಿತು, ಕಿರುಚಿತು. ಮುಂದಿನ ಕೋಣೆಯಲ್ಲಿ ಮಾತುಗಳು ನಿಂತವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ತಲೆ ಹಾಕಿದಳು. ಇತ್ತ ತಾಯಿ ಸ್ವಲ್ಪ ಹೊತ್ತು ಸ್ಪಿಂಡಲಿನ ಮುಂದೆ ನಿಂತಿದ್ದು, ನಿನ್ನೆಯಿಂದ ಕಣ್ಣು ಮುಚ್ಚಿಲ್ಲವೆಂಬುದು ಈಗ ನೆನಪಾದವಳಂತೆ ಮಲಗುವ ಕೋಣೆಗೆ ಹೋಗಿ, ತನ್ನ ಜಾಗದಲ್ಲಿ ಕಾಲು ಚಾಚಿದಳು.

ಗೋಡೆ ಸಣ್ಣಗೆ ನಡುಗುತ್ತಿತ್ತು. ಆ ಸದ್ದಿನಲ್ಲಿ ಅವಳ ಕಿವಿಯ ಸಿಳ್ಳೆ ಎಲ್ಲೋ ಮುಳುಗಿಹೋಯಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅದು ಕೇಳಿಸಲಿಲ್ಲ. ಕಣ್ಣು ತಾನಾಗಿ ಮುಚ್ಚಿತು.

ಎಚ್ಚರವಾದಾಗ ಮನೆ ಗಪ್‌ಚಿಪ್ ಆಗಿತ್ತು. ಅರ್ಧ ಗಂಟೆ ಮುಗಿದಿರಬೇಕು, ಅವರು ನಿಲ್ಲಿಸಿದ್ದರು. ಕಿವಿಯ ಸಿಳ್ಳೆ ಮತ್ತೆ ಶುರುವಾಗಿತ್ತು. ಅವಳು ಏಳಲಿಲ್ಲ. ಮಲಗಿದಲ್ಲಿಂದಲೇ ಕೈ ಹಿಂದಕ್ಕೆ ಚಾಚಿ, ಮುಷ್ಟಿ ಕಟ್ಟಿ, ಗೋಡೆಗೆ ಎರಡು ಸಲ ಗುದ್ದಿದಳು. ಆ ಕಡೆ ಒಂದು ಕ್ಷಣ ಗುಸುಗುಸು ನಡೆಯಿತು. ಆಮೇಲೆ ಸ್ಪಿಂಡಲ್ ಮತ್ತೆ ತಿರುಗತೊಡಗಿತು.